ಮೊಮ್ಮಗಳ ಸಂವಿಧಾನ ಪರೀಕ್ಷೆ

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಒಂದು ಕಾನೂನಿದೆ. ಅಲ್ಲಿನ ಮಕ್ಕಳು ಎಂಟನೇ ತರಗತಿ ಮುಗಿಸಬೇಕಾದರೆ ತಮ್ಮ ದೇಶದ ಸಂವಿಧಾನದ ಬಗ್ಗೆ ಒಂದು ಪರೀಕ್ಷೆಯಲ್ಲಿ ಪಾಸಾಗಲೇಬೇಕು. ಗಣಿತದಲ್ಲಿ ನೂರಕ್ಕೆ ನೂರು ತೆಗೆದರೂ ಸರಿ, ಈಜಿನಲ್ಲಿ ಕಪ್ ಗೆದ್ದರೂ ಸರಿ, ಇದೊಂದು ಪಾಸಾಗದೆ ಎಂಟನೇ ತರಗತಿ ಮುಗಿಸಿದ ಸರ್ಟಿಫಿಕೇಟು ಕೈಗೆ ಬರುವುದಿಲ್ಲ. (ಆ ರಾಜ್ಯದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೊಂದು ‘ಎಸ್’ ಇರುತ್ತದೆ, ಹೇಳುವಾಗ ಇರುವುದಿಲ್ಲ.)

ಹದಿಮೂರು ವರ್ಷದ ಮಕ್ಕಳಿಗೆ ಸಂವಿಧಾನ ಕಲಿಸುವುದು ಹೇಗೆ? ನಮ್ಮ ಕಾಲದಲ್ಲಾಗಿದ್ದರೆ ಪೌರನೀತಿ ಪುಸ್ತಕ ತೆಗೆಸಿ, ಪ್ರಶ್ನೋತ್ತರ ಬರೆಸಿ, ಬಾಯಿಪಾಠ ಒಪ್ಪಿಸಿಕೊಂಡು ಮುಗಿಸುತ್ತಿದ್ದರು. ಮೂರು ವರ್ಷದ ಹಿಂದೆ ನಾನು ಮತ್ತು ನನ್ನ ಹೆಂಡತಿ ಶಿಕಾಗೊ ಹತ್ತಿರದ ನೇಪರ್‌ವಿಲ್‌ನಲ್ಲಿರುವ ಮಗಳ ಮನೆಯಲ್ಲಿ ಆರು ತಿಂಗಳಿದ್ದೆವು. ಹೊರಗೆ ಮೊಣಕಾಲುದ್ದ ಹಿಮ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಹಾಗಾಗಿ ಮೊಮ್ಮಗಳ ಆ ಪಾಠ ಊಟದ ಮೇಜಿನ ಮೇಲೆ ನನ್ನ ಪಾಲಿಗೂ ಬಂತು.

ನಾನು ಬಿ.ಕಾಂ. ಓದಿ, ಜೀವಮಾನವೆಲ್ಲ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಇತಿಹಾಸ ನನ್ನ ವಿಷಯವಲ್ಲ. ಆದರೆ ಸಾಲ, ತೆರಿಗೆ, ಲೆಕ್ಕ ಎಂದರೆ ಈಗಲೂ ಕಿವಿ ನೆಟ್ಟಗಾಗುತ್ತದೆ. ಅಮೆರಿಕದ ಸಂವಿಧಾನದ ಕಥೆ ಶುರುವಾಗುವುದೇ ಸಾಲದಿಂದ ಎಂದು ಗೊತ್ತಾದಾಗ, ಇದು ನಮ್ಮ ಡಿಪಾರ್ಟ್‌ಮೆಂಟಿನದೇ ವಿಷಯವಲ್ಲವೇ ಎನ್ನಿಸಿ ಕುರ್ಚಿ ಎಳೆದುಕೊಂಡು ಕೂತೆ.

1776ರ ಜುಲೈ 4ರಂದು ಹದಿಮೂರು ವಸಾಹತುಗಳು ಬ್ರಿಟನ್ನಿನಿಂದ ಸ್ವತಂತ್ರವಾದೆವೆಂದು ಘೋಷಿಸಿದವು. ಯುದ್ಧ ನಡೆಸಲು ಫ್ರಾನ್ಸಿನಿಂದ, ಹಾಲೆಂಡಿನಿಂದ ಸಾಲ ತಂದರು. ಸಾಲದ್ದಕ್ಕೆ ‘ಕಾಂಟಿನೆಂಟಲ್’ ಎಂಬ ಕಾಗದದ ಹಣವನ್ನು ಅಚ್ಚು ಹಾಕಿ ಹಾಕಿ ಅದರ ಬೆಲೆ ನೆಲ ಕಚ್ಚಿತು. ಯುದ್ಧವೇನೋ ಗೆದ್ದರು. ಆದರೆ 1781ರಲ್ಲಿ ಜಾರಿಗೆ ಬಂದ ಅವರ ಮೊದಲ ಒಪ್ಪಂದದ ಪ್ರಕಾರ ಕೇಂದ್ರದ ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ! ರಾಜ್ಯಗಳನ್ನು ಕೇಳಬಹುದಿತ್ತು, ಅಷ್ಟೆ.

ಇದನ್ನು ಮೊಮ್ಮಗಳಿಗೆ ವಿವರಿಸಲು ನನಗೆ ಕಷ್ಟವಾಗಲಿಲ್ಲ. “ಪುಟ್ಟಿ, ನೀನು ಒಂಬತ್ತು ವರ್ಷದವಳಿದ್ದಾಗ ದಾವಣಗೆರೆಗೆ ಬಂದಿದ್ದೆಯಲ್ಲ, ನಮ್ಮ ಬೀದಿಯ ಹುಡುಗರು ಗಣಪತಿ ಚಂದಾ ಕೇಳೋಕೆ ಬಂದಿದ್ದು ನೆನಪಿದೆಯಾ?” ಎಂದೆ. ಅವಳಿಗೆ ಚೆನ್ನಾಗಿ ನೆನಪಿತ್ತು. ಒಂದು ಮನೆಯವರು ಐನೂರು ಕೊಟ್ಟರು, ಇನ್ನೊಬ್ಬರು ಐವತ್ತು ಕೊಟ್ಟರು, ಎದುರು ಮನೆಯವರು ‘ನಾಳೆ ಬನ್ನಿ’ ಎಂದರು. ಆ ನಾಳೆ ಬರಲೇ ಇಲ್ಲ. ಅಮೆರಿಕದ ಮೊದಲ ಸರ್ಕಾರ ನಡೆದದ್ದು ಹಾಗೆ, ಚಂದಾ ಎತ್ತಿಕೊಂಡು. ಆಮದು ಸರಕಿನ ಮೇಲೆ ನೂರಕ್ಕೆ ಐದರಷ್ಟು ಸುಂಕ ಹಾಕಲು ಹೊರಟಾಗ ಹದಿಮೂರೂ ರಾಜ್ಯಗಳು ಒಪ್ಪಬೇಕಿತ್ತು. 1782ರಲ್ಲಿ ಪುಟ್ಟ ರೋಡ್ ಐಲೆಂಡ್ ‘ಆಗಲ್ಲ’ ಎಂದಿತು. ಅಲ್ಲಿಗೆ ಮುಗಿಯಿತು.

ಸಂಬಳ ಸರಿಯಾಗಿ ಸಿಗದೆ ಊರಿಗೆ ಮರಳಿದ ಸೈನಿಕರಲ್ಲಿ ಅನೇಕರು ರೈತರು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ತೆರಿಗೆ ಮತ್ತು ಸಾಲ ತೀರಿಸಲಾಗದೆ ಅವರ ಜಮೀನುಗಳು ಕೋರ್ಟಿನ ಮೂಲಕ ಹೋಗತೊಡಗಿದವು. 1786ರಲ್ಲಿ ಅವರು ಕೋರ್ಟುಗಳು ನಡೆಯದಂತೆ ಬಾಗಿಲಲ್ಲಿ ಗುಂಪುಗೂಡಿ ನಿಂತರು. ಅವರ ಮುಂದಾಳುಗಳಲ್ಲಿ ಒಬ್ಬ ಡೇನಿಯಲ್ ಶೇಸ್, ಸ್ವಾತಂತ್ರ್ಯ ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವನು. 1787ರ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿನ ಆಯುಧಗಳ ಉಗ್ರಾಣಕ್ಕೆ ನುಗ್ಗಲು ಹೋದಾಗ ಫಿರಂಗಿ ಹಾರಿಸಿ ಚದುರಿಸಿದರು. “ಅಜ್ಜ, ಅವರು ಕೆಟ್ಟವರಾ?” ಎಂದು ಮೊಮ್ಮಗಳು ಕೇಳಿದಳು. ಸತತ ಎರಡು ವರ್ಷ ಮಳೆ ಕೈಕೊಟ್ಟಾಗ ಕೌಂಟರಿನ ಆಚೆ ನಿಂತು ಮಾತು ಬಾರದೆ ಟವೆಲ್ ಹಿಂಡುತ್ತಿದ್ದ ರೈತರನ್ನು ನಾನು ನೋಡಿದ್ದೇನೆ. ಕೆಟ್ಟವರು ಎನ್ನಲು ನನ್ನ ಬಾಯಿ ಬರಲಿಲ್ಲ. ಆದರೆ ಈ ದಂಗೆ ನೋಡಿ ದೊಡ್ಡವರೆಲ್ಲ ಬೆಚ್ಚಿದ್ದು, ಹೊಸ ಕಟ್ಟುಪಾಡು ಬೇಕೆಂದು ಅವಸರಪಟ್ಟದ್ದು ನಿಜ.

ಹೀಗೆ 1787ರ ಮೇ 25ರಿಂದ ಸೆಪ್ಟೆಂಬರ್ 17ರ ತನಕ ಫಿಲಡೆಲ್ಫಿಯಾದಲ್ಲಿ ಸಭೆ ಸೇರಿತು. ಬಂದವರು 55 ಮಂದಿ. ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷರು. ಬೆಂಜಮಿನ್ ಫ್ರಾಂಕ್ಲಿನ್ನರಿಗೆ 81 ವರ್ಷ. ನನಗಿಂತ ಹಿರಿಯರು ಒಬ್ಬರಿದ್ದರಲ್ಲ ಎಂದು ಸಮಾಧಾನವಾಯಿತು. ಸುಡು ಬೇಸಿಗೆಯಲ್ಲಿ ಕಿಟಕಿ ಬಾಗಿಲು ಮುಚ್ಚಿ, ಮಾತು ಹೊರಗೆ ಹೋಗದಂತೆ ಕಾವಲಿಟ್ಟು ಚರ್ಚಿಸಿದರು. ಜೇಮ್ಸ್ ಮ್ಯಾಡಿಸನ್ ದಿನದಿನವೂ ಬರೆದಿಟ್ಟ ಟಿಪ್ಪಣಿಗಳು ಅಚ್ಚಾದದ್ದು 1840ರಲ್ಲಿ, ಅವರು ತೀರಿಕೊಂಡ ಮೇಲೆ. ಇಷ್ಟೊಂದು ಗುಟ್ಟು ಏಕೆ ಎಂದು ಶಿಕ್ಷಕಿ ಕೇಳಿದ್ದಕ್ಕೆ ಮೊಮ್ಮಗಳು ಹೇಳಿದ ಉತ್ತರ ನನಗೆ ಬಹಳ ಹಿಡಿಸಿತು: “ಯಾರೂ ನೋಡ್ತಾ ಇಲ್ಲ ಅಂದ್ರೆ ಅಭಿಪ್ರಾಯ ಬದಲಾಯಿಸೋಕೆ ನಾಚಿಕೆ ಆಗಲ್ಲ.”

ಆ ಶಿಕ್ಷಕಿ ಪಾಠ ಮಾಡಿದ ರೀತಿ ಹೇಳಬೇಕು. ತರಗತಿಯನ್ನೇ ಫಿಲಡೆಲ್ಫಿಯಾದ ಸಭೆ ಮಾಡಿ, ಚೀಟಿ ಎತ್ತಿಸಿ, ಮಕ್ಕಳಿಗೆ ಒಂದೊಂದು ರಾಜ್ಯ ಹಂಚಿದರು. ರೋಡ್ ಐಲೆಂಡ್ ಆ ಸಭೆಗೆ ಯಾರನ್ನೂ ಕಳಿಸಿರಲಿಲ್ಲವಾದ್ದರಿಂದ ಆ ಚೀಟಿ ಬಂದ ಹುಡುಗ ಮೂಲೆಯಲ್ಲಿ ಕೂತು ಕಥೆ ಪುಸ್ತಕ ಓದಬೇಕಿತ್ತು. ಅವನೇ ಎಲ್ಲರಿಗಿಂತ ಖುಷಿಯಾಗಿದ್ದನಂತೆ. ದೊಡ್ಡ ರಾಜ್ಯಗಳು ಜನಸಂಖ್ಯೆಗೆ ತಕ್ಕಂತೆ ಸ್ಥಾನ ಬೇಕೆಂದವು. ಡೆಲವೇರ್‌ನಂಥ ಸಣ್ಣವು ಎಲ್ಲರಿಗೂ ಸಮ ಬೇಕೆಂದವು. ಮಕ್ಕಳು ಎರಡು ದಿನ ಕೂಗಾಡಿ ಒಂದು ಸಭೆ ಹಾಗೆ, ಒಂದು ಸಭೆ ಹೀಗೆ ಎಂದು ತಾವೇ ತೀರ್ಮಾನಕ್ಕೆ ಬಂದರು. 1787ರ ಜುಲೈ 16ರಂದು ಹಿರಿಯರು ಒಪ್ಪಿದ್ದೂ ಅದನ್ನೇ: ಪ್ರತಿನಿಧಿ ಸಭೆ ಜನಸಂಖ್ಯೆಯ ಪ್ರಕಾರ, ಸೆನೆಟ್ಟಿನಲ್ಲಿ ಪ್ರತಿ ರಾಜ್ಯಕ್ಕೂ ಸಮ.

ಎಷ್ಟು ಜನಕ್ಕೆ ಒಬ್ಬ ಪ್ರತಿನಿಧಿ? ಇಲ್ಲಿ ಗುಮಾಸ್ತರಿಗೆ ಇಷ್ಟವಾಗುವ ಒಂದು ಸಂಗತಿ ಇದೆ. ನಲವತ್ತು ಸಾವಿರಕ್ಕೆ ಒಬ್ಬರೆಂದು ಬರೆದಾಗಿತ್ತು. ಕೊನೆಯ ದಿನ, ಚರ್ಚೆಯಲ್ಲಿ ಅದುವರೆಗೆ ಬಾಯಿ ಬಿಡದಿದ್ದ ವಾಷಿಂಗ್ಟನ್ ಎದ್ದು ಮೂವತ್ತು ಸಾವಿರ ಮಾಡಿದರೆ ಒಳ್ಳೆಯದೆಂದರು. ಸಂವಿಧಾನವನ್ನು ಚರ್ಮದ ಹಾಳೆಯ ಮೇಲೆ ಬರೆದವರು ಜೇಕಬ್ ಶ್ಯಾಲಸ್ ಎಂಬ ಗುಮಾಸ್ತರು. ನಾಲ್ಕು ದೊಡ್ಡ ಹಾಳೆ, ಕೂಲಿ 30 ಡಾಲರ್. ‘ಮೂವತ್ತು’ ಎಂಬ ಪದವನ್ನು ಉಜ್ಜಿದ ಜಾಗದ ಮೇಲೆ ಬರೆಯಲಾಗಿದೆ. ಯಾವ ಪುಟ, ಎಷ್ಟನೇ ಸಾಲು, ಯಾವ ಪದ ತಿದ್ದಿದ್ದು ಎಂಬುದನ್ನು ಕೊನೆಯ ಹಾಳೆಯಲ್ಲಿ ಬರೆದು, ಸಭೆಯ ಕಾರ್ಯದರ್ಶಿ ಸಹಿ ಹಾಕಿದ್ದಾರೆ. ನಮ್ಮ ಲೆಡ್ಜರಿನಲ್ಲಿ ಒಂದು ಅಂಕಿ ತಿದ್ದಿದರೂ ಪಕ್ಕದಲ್ಲಿ ಚಿಕ್ಕ ಸಹಿ ಬೇಕಿತ್ತು. ಅದನ್ನು ಹೇಳಿದಾಗ ಮೊಮ್ಮಗಳು ಚಿತ್ರವನ್ನು ದೊಡ್ಡದು ಮಾಡಿ ಆ ಸಾಲು ಹುಡುಕಿದಳು. ಸಿಕ್ಕಿತು.

ಇಷ್ಟಾದ ಮೇಲೆ ಬರುವುದು ಕಷ್ಟದ ಪಾಠ. ಜನರನ್ನು ಎಣಿಸಬೇಕು ಸರಿ, ಆದರೆ ಯಾರನ್ನು? ದಕ್ಷಿಣದ ರಾಜ್ಯಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದ ಜನ, ಅವರ ಮಕ್ಕಳು ಮೊಮ್ಮಕ್ಕಳು ಗುಲಾಮರಾಗಿದ್ದರು. ಮೊಮ್ಮಗಳಿಗೆ ಬಂದ ಚೀಟಿ ದಕ್ಷಿಣ ಕ್ಯಾರೊಲಿನಾ. ಮನೆಗೆ ಬಂದವಳೇ ಬ್ಯಾಗು ಎಸೆದು, “ನಾನು ಅವರ ಪರವಾಗಿ ಮಾತಾಡಲ್ಲ” ಎಂದು ಕೂತಳು. ನನ್ನ ಹೆಂಡತಿ ಮಾಡಿಟ್ಟಿದ್ದ ಅವಲಕ್ಕಿಯನ್ನೂ ಮುಟ್ಟಲಿಲ್ಲ. ಮಾರನೆಯ ದಿನ ಶಿಕ್ಷಕಿಯೇ ಸ್ಪಷ್ಟಪಡಿಸಿದರು: ಈ ಪಾಠದಲ್ಲಿ ಯಾರೂ ಮಾಲೀಕರ ವೇಷ ಹಾಕಬೇಕಿಲ್ಲ, ಗುಲಾಮರ ವೇಷವನ್ನಂತೂ ಹಾಕಲೇಬಾರದು, ಲೆಕ್ಕ ಮಾತ್ರ ಮಾಡಿಕೊಂಡು ಬನ್ನಿ. ನನಗೆ ಅವರ ಮೇಲೆ ಗೌರವ ಹೆಚ್ಚಿತು. ಅಂಥ ನೋವನ್ನು ಶಾಲೆಯ ನಾಟಕ ಮಾಡಬಾರದು.

ಲೆಕ್ಕಕ್ಕೆ ಮೊದಲು ಅವರು ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದ್ದರು. ಗುಲಾಮರನ್ನೂ ಪೂರ್ತಿ ಎಣಿಸಬೇಕೆಂದು ಹಟ ಹಿಡಿದವರು ಯಾರು? ಮಕ್ಕಳೇ, ನೀವೂ ಒಂದು ನಿಮಿಷ ಯೋಚಿಸಿ. ಗುಲಾಮಗಿರಿ ಬೇಡ ಎಂದವರು ಎಂದು ಮುಕ್ಕಾಲು ತರಗತಿ ಕೈ ಎತ್ತಿತಂತೆ. ಅಲ್ಲ! ಪೂರ್ತಿ ಎಣಿಸಿ ಎಂದವರು ಅವರನ್ನು ಇಟ್ಟುಕೊಂಡಿದ್ದ ರಾಜ್ಯದವರು. ಎಣಿಸಲೇಬೇಡಿ ಎಂದವರು ಉತ್ತರದವರು. ಕೊನೆಗೆ ಐವರು ಗುಲಾಮರನ್ನು ಮೂವರೆಂದು ಎಣಿಸುವುದಾಗಿ ರಾಜಿಯಾಯಿತು.

ನಾನು ಕಾಗದ, ಪೆನ್ಸಿಲ್ ತರಿಸಿದೆ. 1790ರ ಮೊದಲ ಜನಗಣತಿಯಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿದ್ದವರು 2,49,073. ಅವರಲ್ಲಿ ಗುಲಾಮರು 1,07,094. ಅವರನ್ನು ಕಳೆದರೆ ಉಳಿಯುವುದು 1,41,979. ಆ ಗಣತಿಯ ನಂತರ ಪ್ರತಿ 33,000 ಜನಕ್ಕೆ ಒಂದು ಸ್ಥಾನವೆಂದು ನಿಗದಿಯಾಯಿತು, ಉಳಿದ ಶೇಷ ಬಿಟ್ಟು. ಸ್ವತಂತ್ರರನ್ನು ಮಾತ್ರ ಎಣಿಸಿದರೆ ಬರುವುದು ನಾಲ್ಕು ಸ್ಥಾನ. ಗುಲಾಮರ ಐದರಲ್ಲಿ ಮೂರು ಭಾಗ, ಅಂದರೆ 64,256 ಸೇರಿಸಿದರೆ 2,06,235. ಸ್ಥಾನ ಆರು. ನಿಜವಾಗಿ ಸಿಕ್ಕಿದ್ದೂ ಆರೇ. ಮ್ಯಾಸಚೂಸೆಟ್ಸಿನ ಪಟ್ಟಿಯಲ್ಲಿ ಆ ಗಣತಿಯಲ್ಲಿ ಗುಲಾಮರ ಕಾಲಂನಲ್ಲಿ ಸೊನ್ನೆ ಇತ್ತು, ಆ ರಾಜ್ಯಕ್ಕೆ ಇಂಥ ಲಾಭವೇನೂ ಇಲ್ಲ.

ಮೊಮ್ಮಗಳು ಭಾಗಾಕಾರವನ್ನು ಎರಡು ಸಲ ಮಾಡಿದಳು. “ಆ ಎರಡು ಎಕ್ಸ್‌ಟ್ರಾ ಸೀಟಲ್ಲಿ ಯಾರು ಕೂರ್ತಾರೆ ಅಜ್ಜ?” ಎಂದಳು. “ಮಾಲೀಕರ ಕಡೆಯವರೇ.” “ಅಂದ್ರೆ ಇವರನ್ನ ಎಣಿಸಿದ್ದು ಇವರಿಗೋಸ್ಕರ ಅಲ್ಲ.” ಅಷ್ಟು ಹೇಳಿ ಸುಮ್ಮನಾದಳು. ಓಟಿಲ್ಲದ ಒಂದು ಲಕ್ಷ ಜನರ ತಲೆ ಎಣಿಸಿ, ಅವರನ್ನು ಕಟ್ಟಿಹಾಕಿದವರ ಬಲ ಹೆಚ್ಚಿಸಿದ ಲೆಕ್ಕ ಅದು. ಕೂಡುವುದು ಕಳೆಯುವುದು ಎಲ್ಲ ಸರಿಯಾಗಿದ್ದು, ಬ್ಯಾಲೆನ್ಸ್ ಶೀಟು ತಾಳೆಯಾಗಿಯೂ ಅನ್ಯಾಯವಾಗಿರಬಹುದು. ಇನ್ನೊಂದು ವಿಚಿತ್ರವೆಂದರೆ 1787ರ ಆ ದಾಖಲೆಯಲ್ಲಿ ‘ಗುಲಾಮ’ ಎಂಬ ಪದ ಎಲ್ಲೂ ಇಲ್ಲ. ‘ಇತರ ವ್ಯಕ್ತಿಗಳು’ ಎಂದು ಬರೆದು ತಪ್ಪಿಸಿಕೊಂಡಿದ್ದಾರೆ. ಬರೆಯುವವರಿಗೂ ನಾಚಿಕೆ ಇತ್ತೆಂದು ನನ್ನ ಅನಿಸಿಕೆ.

ಅದನ್ನು ತಿದ್ದಲು ಒಂದು ಭಯಂಕರ ಅಂತರ್ಯುದ್ಧವೇ ಬೇಕಾಯಿತು. 1865ರ ಹದಿಮೂರನೇ ತಿದ್ದುಪಡಿ ಗುಲಾಮಗಿರಿ ಕೊನೆಗೊಳಿಸಿತು. 1868ರ ಹದಿನಾಲ್ಕನೆಯದು ಆ ನೆಲದಲ್ಲಿ ಹುಟ್ಟಿ ಅಲ್ಲಿನ ಕಾನೂನಿಗೆ ಒಳಪಟ್ಟವರೆಲ್ಲ ಪ್ರಜೆಗಳೆಂದಿತು. ಬಿಡುಗಡೆಯಾದ ಗುಲಾಮರಿಗಾಗಿ ಬರೆದ ಮಾತು ಅದು. ಶಿಕಾಗೊ ಆಸ್ಪತ್ರೆಯಲ್ಲಿ ಹುಟ್ಟಿದ ನನ್ನ ಮೊಮ್ಮಗಳು ಪ್ರಜೆಯಾದದ್ದೂ ಅದರಿಂದಲೇ ಎಂದು ತಿಳಿದಾಗ ಅವಳು, “ಮತ್ತೆ ಅಮ್ಮ?” ಎಂದಳು.

ಅಮ್ಮನ ಕಥೆ ಬೇರೆ. 1790ರ ಕಾನೂನಿನಲ್ಲಿ ಹೊರಗಿನಿಂದ ಬಂದು ಪ್ರಜೆಯಾಗಲು ‘ಸ್ವತಂತ್ರ ಬಿಳಿಯ’ರಿಗೆ ಮಾತ್ರ ಅವಕಾಶವಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಗೂ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ನೀವು ಬಿಳಿಯರಲ್ಲ ಎಂದು ಪೌರತ್ವ ನಿರಾಕರಿಸಿತು. ಭಾರತೀಯರಿಗೆ ಬಾಗಿಲು ತೆರೆದದ್ದು 1946ರಲ್ಲಿ. ನನಗಿಂತ ಕೆಲವೇ ವರ್ಷ ಹಳೆಯ ಕಾನೂನು.

“ನಮ್ಮ ಇಂಡಿಯಾದ್ದು ಯಾರು ಬರೆದ್ರು?” ಎಂದೂ ಒಂದು ರಾತ್ರಿ ಕೇಳಿದಳು. ಅಂಬೇಡ್ಕರರ ಹೆಸರು ಗೊತ್ತಿತ್ತು. ಮೊದಲ ಕರಡು ಸಿದ್ಧಪಡಿಸಿದ ಸಲಹೆಗಾರರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾಯರು, 1947ರಲ್ಲಿ ಅವರು ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಮೂರ್ತಿಗಳನ್ನು ಕಂಡು ಚರ್ಚಿಸಿ ಬಂದರು ಎಂಬುದು ಅವಳಿಗೆ ಹೊಸದು. ಅವರ ತಮ್ಮ ರಾಮ ರಾಯರು ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರೆಂಬುದನ್ನೂ ಸೇರಿಸಿದೆ. ಬ್ಯಾಂಕಿನವನು ಅಷ್ಟು ಹೇಳದಿದ್ದರೆ ಹೇಗೆ?

ಮಕ್ಕಳಿಗೆ ಹಿಡಿಸುವ ಇನ್ನೊಂದು ಕಥೆ ಇಪ್ಪತ್ತೇಳನೇ ತಿದ್ದುಪಡಿಯದು. ಕಾಂಗ್ರೆಸ್ ಸದಸ್ಯರು ಸಂಬಳ ಬದಲಿಸಿಕೊಂಡರೆ ಅದು ಮುಂದಿನ ಚುನಾವಣೆಯಾಗುವ ತನಕ ಜಾರಿಯಾಗಬಾರದೆಂದು 1789ರಲ್ಲೇ ಸೂಚಿಸಿದ್ದರು. ರಾಜ್ಯಗಳ ಒಪ್ಪಿಗೆ ಸಾಲದೆ ಅದು ಮೂಲೆ ಸೇರಿತ್ತು. 1982ರಲ್ಲಿ ಟೆಕ್ಸಸ್‌ನ ಗ್ರೆಗರಿ ವಾಟ್ಸನ್ ಎಂಬ ವಿದ್ಯಾರ್ಥಿ, ಇದು ಇನ್ನೂ ಜೀವಂತವಿದೆ ಎಂದು ಪ್ರಬಂಧ ಬರೆದ. ಸಿಕ್ಕಿದ್ದು ‘ಸಿ’ ದರ್ಜೆ. ಅವನು ಸಿಟ್ಟಿನಿಂದ ರಾಜ್ಯ ರಾಜ್ಯಕ್ಕೂ ಪತ್ರ ಬರೆಯತೊಡಗಿದ. 1992ರಲ್ಲಿ ಅದು ಸಂವಿಧಾನಕ್ಕೆ ಸೇರಿತು. 2017ರಲ್ಲಿ ಅವನ ದರ್ಜೆಯನ್ನು ‘ಎ’ ಮಾಡಿದರು. ಇದನ್ನು ತೋರಿಸಿ ನಿಮ್ಮ ಮೇಷ್ಟರ ಹತ್ತಿರ ಮಾರ್ಕ್ಸ್ ಕೇಳಬೇಡಿ ಮತ್ತೆ.

ಮೊಮ್ಮಗಳ ಪರೀಕ್ಷೆ ಮಾರ್ಚಿನಲ್ಲಿ ಆಯಿತು, ಚೆನ್ನಾಗಿಯೇ ಪಾಸಾದಳು. ಆದರೆ ಮನೆಯಲ್ಲಿ ಪಾಠ ನಿಲ್ಲಲಿಲ್ಲ. ನನ್ನ ಮಗಳು ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಿದ್ದಳು. ಸಂದರ್ಶನ ಮುಂದಿನ ತಿಂಗಳಿತ್ತು. ಆಗ ನೂರು ಪ್ರಶ್ನೆಗಳ ಪಟ್ಟಿ ಕೊಡುತ್ತಿದ್ದರು. ಅಧಿಕಾರಿ ಕೇಳುವುದು ಹತ್ತು, ಆರು ಸರಿಯಾದರೆ ಸಾಕು. ಪೌರತ್ವ ಬಂದ ಮೇಲೆ ಭಾರತದ ಪಾಸ್‌ಪೋರ್ಟು ಹಿಂದಿರುಗಿಸಬೇಕು. ಅವಳ ಮೊದಲ ಪಾಸ್‌ಪೋರ್ಟಿನ ಅರ್ಜಿಯನ್ನು ನಾನೇ ತುಂಬಿದ್ದೆ. ಅದರ ಬಗ್ಗೆ ನಾವಿಬ್ಬರೂ ಮಾತಾಡಲಿಲ್ಲ. ಸಂಜೆ ಮಗಳು ಚಪಾತಿ ಲಟ್ಟಿಸುತ್ತಿದ್ದರೆ ಮೊಮ್ಮಗಳು ಪಟ್ಟಿ ಹಿಡಿದು ಪಕ್ಕದಲ್ಲಿ ನಿಂತು, “ಅಮ್ಮ, ತಿದ್ದುಪಡಿ ಎಷ್ಟು?” ಎಂದು ಕನ್ನಡದಲ್ಲೇ ಕೇಳುತ್ತಿದ್ದಳು. “ಇಪ್ಪತ್ತೇಳು” ಎನ್ನುವಷ್ಟರಲ್ಲಿ ಒಂದು ಚಪಾತಿ ಸೀದಿರುತ್ತಿತ್ತು.