ಪೆಟ್ಟು ಬಿದ್ದು ಎದೆಬಡಿತ ನಿಂತಾಗ

ಸೋದರಿಯರೇ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಸವದತ್ತಿ ಎಲ್ಲಮ್ಮನ ಗುಡ್ಡದ ಹಾದಿಯಲ್ಲಿ ಚಕ್ಕಡಿ, ಟ್ರ್ಯಾಕ್ಟರುಗಳ ಸಾಲು ನಿಮಗೆ ಗೊತ್ತೇ ಇದೆ. ಅದೇ ದಿನಗಳಲ್ಲಿ ಬೈಲಹೊಂಗಲದ ಕಡೆ ಕಬ್ಬಿನ ಗಾಡಿಗಳು. ಕಿತ್ತೂರಿನ ಮಗ್ಗುಲಿಗಂತೂ ಪುಣೆ-ಬೆಂಗಳೂರು ಹೆದ್ದಾರಿಯೇ ಇದೆ. ಯಾರಾದರೂ ಬಿದ್ದು ಮಿಸುಕದೆ ಮಲಗಿದರೆ, ನೆರೆದವರು "ಮುಗೀತ್ರಿ, ಜೀವ ಹೋತು" ಅಂದುಬಿಡುತ್ತಾರೆ. ಅಷ್ಟು ಲಗೂನ ಕೈಬಿಡಬೇಡಿ.

ಹೃದಯಾಘಾತದಲ್ಲಿ ಕೆಡುವುದು ಹೃದಯವೇ. ಅಪಘಾತದಲ್ಲಿ ಎಷ್ಟೋ ಸಲ ಹೃದಯ ಗಟ್ಟಿಯಾಗಿಯೇ ಇರುತ್ತದೆ. ರಕ್ತ ಸೋರಿ ಬರಿದಾಗಿರುತ್ತದೆ, ಅಷ್ಟೇ. ಇಲ್ಲವೇ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟಿರುತ್ತದೆ. ಪಕ್ಕೆಲುಬು ಮುರಿದು ಎದೆಗೂಡಿನಲ್ಲಿ ಗಾಳಿ ತುಂಬಿ ಹೃದಯವನ್ನು ಅದುಮುವುದೂ ಉಂಟು. ನೀರಿಲ್ಲದ ಕೈಪಂಪನ್ನು ಎಷ್ಟು ಒತ್ತಿದರೇನು ಬಂತು? ಅದಕ್ಕೇ ಮೊದಲು ರಕ್ತ ನಿಲ್ಲಿಸಬೇಕು.

ಟಾವೆಲ್ಲೋ, ಸೆರಗೋ, ಕೈಗೆ ಸಿಕ್ಕ ಬಟ್ಟೆಯನ್ನು ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ತೊಯ್ದಿತೆಂದು ತೆಗೆಯದೆ ಅದರ ಮೇಲೇ ಇನ್ನೊಂದಿಡಿ. ಅರಿಶಿನ, ಕಾಫಿಪುಡಿ ಹುಡುಕಿಕೊಂಡು ಓಡುವುದು ಬೇಡ. ಬಾಯಲ್ಲಿ ಕಾಣುವ ರಕ್ತ, ಮಣ್ಣು ತೆಗೆದು, ಕುತ್ತಿಗೆ ತಿರುಚದೆ, ಕೆಳದವಡೆಯನ್ನು ಮುಂದಕ್ಕೆ ಎತ್ತಿ. ಆಗಲೂ ಉಸಿರಿಲ್ಲದಿದ್ದರೆ, ಅಥವಾ ಆಗೊಮ್ಮೆ ಈಗೊಮ್ಮೆ ತೇಕುತ್ತಿದ್ದರೆ, ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, 2 ಇಂಚು ತಗ್ಗುವಂತೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ರೊಟ್ಟಿ ಬಡಿಯುವ ನಮ್ಮ ಕೈಗಳಿಗೆ ಈ ಲಯವೇನೂ ಹೊಸದಲ್ಲ! ಒಬ್ಬರು ಗಾಯ ಬಿಡದಿರಲಿ, ಒಬ್ಬರು ಎದೆ ಒತ್ತಲಿ, ಮತ್ತೊಬ್ಬರು 108ಕ್ಕೆ ಫೋನು ಮಾಡಲಿ. ನೀರು ಮಾತ್ರ ಕುಡಿಸಬೇಡಿ, ಎಚ್ಚರವಿಲ್ಲದವರಿಗೆ ಅದು ಶ್ವಾಸಕೋಶಕ್ಕೇ ಇಳಿದೀತು.

ಹೀಗೆ ಎದೆಬಡಿತ ನಿಂತವರಲ್ಲಿ ಉಳಿಯುವವರು ಕಡಿಮೆಯೇ, ಮುಚ್ಚಿಡುವುದೇಕೆ? ಎದೆಯೊಳಗಿನ ಗಾಳಿ ಬಿಡಿಸುವುದು, ರಕ್ತ ಏರಿಸುವುದು ಡಾಕ್ಟರರ ಕೆಲಸ. ಆದರೆ ರಾಮದುರ್ಗದಿಂದ ಬೆಳಗಾವಿಗೆ ಸುಮಾರು 100 ಕಿಲೋಮೀಟರು. ಎದೆಬಡಿತ ನಿಂತರೆ ಮೆದುಳು ತಾಳುವುದು ಕೆಲವೇ ನಿಮಿಷ. ಆ ನಿಮಿಷಗಳು ಹತ್ತಿರ ಇದ್ದವರ ಕೈಯಲ್ಲಿವೆ.

"ಪೊಲೀಸ್ ಕೇಸು ಮೈಮೇಲೆ ಬಂದ್ರ?" ಎಂದು ಗಂಡಸರೂ ಹಿಂದೆ ಸರಿಯುತ್ತಾರೆ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಹತ್ತಿರ ನೆಲಮಂಗಲದ ಬಳಿ ಲಾರಿಗೆ ಸಿಕ್ಕ ಯುವಕ ಹರೀಶ್, ತನ್ನ ಅಂಗಾಂಗ ದಾನ ಮಾಡಿ ಎಂದು ಹೇಳಿ ಪ್ರಾಣ ಬಿಟ್ಟದ್ದನ್ನು ಕೇಳಿ ಯಾರ ಕರುಳು ಚುರ್ ಎನ್ನಲಿಲ್ಲ? ಅಪಘಾತಕ್ಕೊಳಗಾದವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆಂದು ಸರ್ಕಾರ ಅದೇ ವರ್ಷ ಅವನ ಹೆಸರಿನಲ್ಲೇ ಯೋಜನೆ ತಂದಿತು. ನೆರವಿಗೆ ಬಂದವರಿಗೆ ರಕ್ಷಣೆ ಕೊಡಬೇಕೆಂದು ಸುಪ್ರೀಂ ಕೋರ್ಟೂ 2016ರಲ್ಲೇ ಹೇಳಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು. ಒಳ್ಳೆಯ ಮನಸ್ಸಿನಿಂದ ಕೈಹಚ್ಚಿದವರ ಮೇಲೆ ಕೇಸಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯ ಮಾಡುವಂತಿಲ್ಲ. ಮನೆಯ ಗಂಡಸರಿಗೆ ಈ ಕಲಮಿನ ನಂಬರು ಬಾಯಿಪಾಠ ಮಾಡಿಸಿಡಿ.