ಮನೋವ್ಯಾಧಿಯೂ ಗ್ರಾಮದ ಹಿರಿಯರ ಕರ್ತವ್ಯವೂ

ಬೆಳೆಗೆ ತಗಲುವ ರೋಗಗಳನ್ನೂ ದನಕರುಗಳ ಜಾಡ್ಯಗಳನ್ನೂ ಕುರಿತು ಇಂಥ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರೆಯಲಾಗುತ್ತದೆ. ಆ ಬೆಳೆಯನ್ನು ಬೆಳೆಯುವ ಒಕ್ಕಲಿಗನ ಮನಸ್ಸಿಗೇ ರೋಗ ತಗಲಿದರೆ ಮಾಡತಕ್ಕದ್ದೇನೆಂಬುದನ್ನು ಮಾತ್ರ ನಾವು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಅದು ವೈದ್ಯರ ಕೆಲಸವೆಂದು ನಮ್ಮ ಇಲಾಖೆಯವರೂ, ಅದು ಆ ಮನೆಯವರ ಹಣೆಬರಹವೆಂದು ಊರವರೂ ಸುಮ್ಮನಾಗುವುದುಂಟು.

ಆದರೆ ಹಳ್ಳಿಗಳಲ್ಲಿ ತಿರುಗಾಡುವವರ ಕಣ್ಣಿಗೆ ಈ ರೋಗದ ಮೊದಲನೆಯ ಗುರುತು ಅನೇಕ ವೇಳೆ ಹೊಲದಲ್ಲಿಯೇ ಬೀಳುತ್ತದೆ. ಹದವಾದ ಮಳೆಯಾಗಿ ಸುತ್ತಣ ಜಮೀನುಗಳಲ್ಲೆಲ್ಲ ಬಿತ್ತನೆ ಮುಗಿದಿದ್ದರೂ ಒಬ್ಬನ ಹೊಲ ಮಾತ್ರ ಉಳುಮೆ ಕಾಣದೆ ಬಿದ್ದಿರುತ್ತದೆ. ವರ್ಷವರ್ಷವೂ ಎಲ್ಲರಿಗಿಂತ ಮೊದಲು ಬೀಜಕ್ಕೆ ಬರುತ್ತಿದ್ದವನು ಈ ವರ್ಷ ತಲೆಹಾಕುವುದಿಲ್ಲ. ಊರವರು ಅವನನ್ನು ಸೋಮಾರಿಯಾದನೆನ್ನುತ್ತಾರೆ. ವಿಚಾರಿಸಿದರೆ ಅವನಿಗೆ ತಿಂಗಳಿಂದ ನಿದ್ರೆಯಿಲ್ಲ, ಅನ್ನ ಸೇರುವುದಿಲ್ಲ, ನೇಗಿಲು ಕಟ್ಟುವುದಿರಲಿ, ಎದ್ದು ಮುಖ ತೊಳೆಯಲೂ ಮನಸ್ಸು ಬರುವುದಿಲ್ಲವೆಂದು ತಿಳಿದುಬರುತ್ತದೆ. ಇದು ಸೋಮಾರಿತನವಲ್ಲ, ರೋಗ. ಇದಕ್ಕೆ ಔಷಧವುಂಟು.

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ೨೦೧೫-೧೬ರಲ್ಲಿ ದೇಶದ ೧೨ ರಾಜ್ಯಗಳಲ್ಲಿ ಮೋಜಣಿ ನಡೆಯಿಸಿದಾಗ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು ಮಂದಿಗೆ ಯಾವುದಾದರೊಂದು ಮನೋವ್ಯಾಧಿ ಇದ್ದುದು ಕಂಡುಬಂದಿತು. ಅವರಲ್ಲಿ ಹೆಚ್ಚಿನವರಿಗೆ ಯಾವ ಚಿಕಿತ್ಸೆಯೂ ದೊರೆತಿರಲಿಲ್ಲ. ಆದುದರಿಂದ ಮನೋವೈದ್ಯರು ಸಾಮಾನ್ಯ ಜನರಿಗೆ ಕೊಡುವ ಸಲಹೆಗಳಲ್ಲಿ ಮುಖ್ಯವಾದುವನ್ನು ಗ್ರಾಮದ ಯಜಮಾನರ ಮತ್ತು ಭೂಮಾಲೀಕರ ಅವಗಾಹನೆಗಾಗಿ ಕೆಳಗೆ ಸಂಗ್ರಹಿಸಿದೆ.

೧. ರೋಗವನ್ನು ಗುರುತಿಸುವ ಬಗೆ

ದುಃಖ, ಚಿಂತೆ, ಕೋಪ ಇವು ಸಂಸಾರಸ್ಥನಿಗೆ ಸಹಜವಾದುವು. ಮಳೆ ಕೈಕೊಟ್ಟಾಗ ಮನಸ್ಸು ಕುಗ್ಗುವುದೂ, ಮನೆಯಲ್ಲಿ ಸಾವಾದಾಗ ಊಟ ಸೇರದಿರುವುದೂ ರೋಗವಲ್ಲ. ಆದರೆ ಮನಸ್ಸಿನ ಕುಗ್ಗು ಎರಡು ವಾರಗಳಿಗೆ ಮೇಲ್ಪಟ್ಟು ಹೆಚ್ಚುಕಡಮೆ ಪ್ರತಿದಿನವೂ ಇದ್ದು, ಹಿಂದೆ ಇಷ್ಟವಾಗಿದ್ದ ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ನಿದ್ರೆಯೂ ಹಸಿವೂ ಕೆಟ್ಟು, ತಾನು ಯಾವುದಕ್ಕೂ ಬಾರದವನೆಂಬ ಭಾವನೆ ಬಲವಾಗಿ, ನಿತ್ಯದ ಕೆಲಸ ನಿಂತುಹೋದರೆ ಅದನ್ನು ಖಿನ್ನತೆಯೆಂಬ ರೋಗವೆಂದು ತಿಳಿಯತಕ್ಕದ್ದು. ನಮ್ಮ ಹಳ್ಳಿಗಳವರು ಇದನ್ನು ಮನಸ್ಸಿನ ಬೇನೆಯೆಂದು ಹೇಳುವುದು ಕಡಮೆ. ಮೈಕೈ ನೋವು, ಉರಿ, ತಲೆಭಾರ, ನಿಶ್ಶಕ್ತಿ ಎಂದೇ ಹೇಳಿಕೊಂಡು, ಒಂದಾದಮೇಲೊಂದು ಟಾನಿಕ್ಕಿಗೂ ಇಂಜೆಕ್ಷನ್ನಿಗೂ ಹಣ ತೆತ್ತು, ಗುಣ ಕಾಣದೆ ಹಿಂದಿರುಗುತ್ತಾರೆ.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಒಂದುಂಟು. ರಾತ್ರಿ ಎರಡು ಗಂಟೆ ಮಾತ್ರ ನಿದ್ರೆಮಾಡಿಯೂ ದಣಿವಿಲ್ಲದಿರುವುದು, ಎಡೆಬಿಡದೆ ಮಾತನಾಡುವುದು, ಸಾಲ ತಂದು ದಾನ ಮಾಡುವುದು, ಬೆಲೆ ನೋಡದೆ ಜಮೀನು ಮಾರಲು ಹೊರಡುವುದು ಇದರ ಲಕ್ಷಣಗಳು. ಉತ್ಸಾಹವೆಂದು ತೋರಿದರೂ ಇದು ಮನೆತನವನ್ನೇ ಹಾಳುಮಾಡಬಲ್ಲ ರೋಗ. ಮತ್ತೆ ಕೆಲವರಿಗೆ ಯಾರೂ ಇಲ್ಲದಿರುವಾಗ ಧ್ವನಿಗಳು ಕೇಳಿಸುತ್ತವೆ. ಹೆಂಡತಿ ಅನ್ನದಲ್ಲಿ ವಿಷವಿಟ್ಟಿರುವಳೆಂದೋ, ಅಣ್ಣತಮ್ಮಂದಿರು ತಮ್ಮ ಮೇಲೆ ಮಾಟಮಾಡಿಸಿರುವರೆಂದೋ ಅಚಲವಾದ ಶಂಕೆ ಹುಟ್ಟುತ್ತದೆ. ಹೆರಿಗೆಯಾದ ಕೆಲವು ವಾರಗಳೊಳಗೆ ಬಾಣಂತಿಯು ನಿದ್ರೆಗೆಟ್ಟು ಅಸಂಬದ್ಧವಾಗಿ ಮಾತನಾಡತೊಡಗಿದರೆ, ತಾಯಿಗೂ ಶಿಶುವಿಗೂ ಅಪಾಯವುಂಟಾದೀತಾದುದರಿಂದ, ಒಂದು ದಿನವನ್ನೂ ಕಳೆಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಇವು ಪೂರ್ವಜನ್ಮದ ಪಾಪದಿಂದಾಗಲಿ ದೆವ್ವದಿಂದಾಗಲಿ ಬರತಕ್ಕವಲ್ಲ. ಮೆದುಳಿನ ಕೆಲಸದಲ್ಲಿ ಉಂಟಾಗುವ ವ್ಯತ್ಯಾಸ, ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ಬರುವ ಒಲವು, ಬಾಳಿನಲ್ಲಿ ಬಿದ್ದ ಕಷ್ಟ, ಇವು ಕೂಡಿ ರೋಗವಾಗುತ್ತದೆ. ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ರಕ್ತಹೀನತೆಯಿಂದಲೂ ಇಂಥವೇ ಕೆಲವು ಲಕ್ಷಣಗಳು ಬರಬಹುದಾದುದರಿಂದ ವೈದ್ಯರು ಮೊದಲು ರಕ್ತಪರೀಕ್ಷೆ ಮಾಡಿಸುವುದುಂಟು.

೨. ನಿತ್ಯದ ಕ್ರಮ

ಮನಸ್ಸಿನ ಆರೋಗ್ಯಕ್ಕೆ ಮನೋವೈದ್ಯರು ಹೇಳುವ ನಿತ್ಯಕ್ರಮ ದುಬಾರಿಯಾದುದಲ್ಲ. ಮಲಗುವುದಕ್ಕೂ ಏಳುವುದಕ್ಕೂ ಹೊತ್ತು ಗೊತ್ತಾಗಿರಬೇಕು. ಮೈಮುರಿದು ಮಾಡುವ ಕೆಲಸವೊ ನಡಿಗೆಯೊ ಪ್ರತಿದಿನವೂ ಇರಬೇಕು. ಜಮೀನನ್ನು ಆಳುಗಳ ಕೈಗೆ ಬಿಟ್ಟು ಜಗಲಿಯ ಮೇಲೆ ಕುಳಿತಿರುವ ಭೂಮಾಲೀಕರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಸಂಜೆಯ ಮೇಲೆ ಕಾಫಿ ಚಹಾಗಳನ್ನು ತಗ್ಗಿಸಬೇಕು. ದಿನಕ್ಕೊಂದು ಸಲವಾದರೂ ಮನೆಯವರೊಡನೆ ಕುಳಿತು ಊಟಮಾಡಿ, ಮನಸ್ಸಿನಲ್ಲಿದ್ದುದನ್ನು ಒಬ್ಬರೊಡನಾದರೂ ಹೇಳಿಕೊಳ್ಳಬೇಕು.

ಸಾಲದ ಚಿಂತೆಯ ವಿಷಯವಾಗಿ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಹೆಂಡತಿಮಕ್ಕಳಿಂದ ಮುಚ್ಚಿಟ್ಟ ಸಾಲ ರಾತ್ರಿಯ ಹೊತ್ತು ಇಮ್ಮಡಿಯಾಗಿ ಕಾಣುತ್ತದೆ. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಗಡುವು ಯಾವಾಗ ಎಂಬುದನ್ನು ಕಾಗದದ ಮೇಲೆ ಬರೆದು, ಮನೆಯವರಿಗೂ ಸಹಕಾರ ಸಂಘದವರಿಗೂ ತೋರಿಸಿ, ಮೊದಲು ಮಾಡಬಹುದಾದ ಒಂದು ಕೆಲಸವನ್ನು ಮಾತ್ರ ಆರಿಸಿಕೊಂಡು ಅದನ್ನು ಮುಗಿಸುವುದು ಒಳ್ಳೆಯದು. ಕಷ್ಟವನ್ನು ತುಂಡುತುಂಡಾಗಿ ಮಾಡಿಕೊಂಡು ಬಗೆಹರಿಸುವ ಈ ಕ್ರಮವನ್ನು ಮನೋವೈದ್ಯರು ತಮ್ಮ ರೋಗಿಗಳಿಗೂ ಕಲಿಸುತ್ತಾರೆ.

೩. ಚಿಕಿತ್ಸೆಯ ವಿಧಗಳು

ಸರ್ಪಗಂಧದ ಬೇರನ್ನು ಹುಚ್ಚಿಗೆ ಕೊಡುವ ಪದ್ಧತಿ ನಮ್ಮ ದೇಶದಲ್ಲಿ ಹಳೆಯದು. ೧೯೫೨ರಲ್ಲಿ ವಿಜ್ಞಾನಿಗಳು ಈ ಬೇರಿನಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಆದರೆ ಅದು ರಕ್ತದ ಒತ್ತಡವನ್ನು ಇಳಿಸುವುದರಿಂದಲೂ ಕೆಲವರಲ್ಲಿ ಖಿನ್ನತೆಯನ್ನು ತರುವುದರಿಂದಲೂ, ಅದಕ್ಕಿಂತ ಉತ್ತಮವಾದ ಔಷಧಗಳು ಬಂದಮೇಲೆ ಹಿಂದೆ ಸರಿಯಿತು. ಆದುದರಿಂದ ಬೇರನ್ನು ಅರೆದು ಕುಡಿಸುವ ಸ್ವಂತ ಪ್ರಯೋಗ ಕೂಡದು. ೧೯೪೯ರಲ್ಲಿ ಲಿಥಿಯಂ ಲವಣವೂ ೧೯೫೨ರಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧವೂ ಬಳಕೆಗೆ ಬಂದುದು ಮೊದಲಾಗಿ ಈ ಶಾಸ್ತ್ರ ಬಹಳ ಮುಂದುವರಿದಿದೆ.

ಖಿನ್ನತೆಯ ಮಾತ್ರೆಗಳ ವಿಷಯದಲ್ಲಿ ಮೂರು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದು, ಅವುಗಳ ಗುಣ ಮರುದಿನವೇ ಕಾಣುವುದಿಲ್ಲ. ಎರಡರಿಂದ ನಾಲ್ಕು ವಾರಗಳು, ಒಮ್ಮೊಮ್ಮೆ ಆರು ವಾರಗಳೂ ಹಿಡಿಯುತ್ತವೆ. ಎರಡನೆಯದು, ಗುಣವಾದಮೇಲೆಯೂ ಸುಮಾರು ಆರರಿಂದ ಒಂಬತ್ತು ತಿಂಗಳು ಮುಂದುವರಿಸದಿದ್ದರೆ ರೋಗ ಮರುಕಳಿಸುವುದುಂಟು. ಮೂರನೆಯದು, ಹೆಂಡದಂತೆ ಚಟ ಹಿಡಿಸುವ ಗುಣ ಇವಕ್ಕಿಲ್ಲ. ಆದರೂ ಥಟ್ಟನೆ ಬಿಡದೆ ವೈದ್ಯರು ಹೇಳಿದಂತೆ ಕ್ರಮಕ್ರಮವಾಗಿ ಬಿಡಬೇಕು. ಅಂಗಡಿಯಿಂದ ಕೇಳಿ ತಂದು ನುಂಗುವ ನಿದ್ರೆಮಾತ್ರೆಗಳ ಸಂಗತಿ ಬೇರೆ, ಅವು ಚಟವಾಗತಕ್ಕವು.

ಧ್ವನಿ ಕೇಳಿಸುವ, ಶಂಕೆ ಹಿಡಿಯುವ ರೋಗಕ್ಕೆ ಮಾತ್ರೆಗಳಲ್ಲದೆ, ಮಾತ್ರೆ ನುಂಗಲು ಒಪ್ಪದವರಿಗೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನುಗಳೂ ಉಂಟು. ಲಿಥಿಯಂ ತೆಗೆದುಕೊಳ್ಳುವವರು ಆಗಾಗ ರಕ್ತಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಔಷಧದಂತೆಯೇ ಮಾತಿನ ಚಿಕಿತ್ಸೆಯೂ ಉಂಟು. ತರಬೇತಿ ಪಡೆದವರು ರೋಗಿಯೊಡನೆ ವಾರವಾರವೂ ಕುಳಿತು, ತಪ್ಪುದಾರಿ ಹಿಡಿದ ಯೋಚನೆಗಳನ್ನು ತಿದ್ದಿ, ನಿಂತುಹೋದ ಕೆಲಸಗಳನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಹಿಡಿಸುತ್ತಾರೆ. ಹಗುರವಾದ ಖಿನ್ನತೆಗೆ ಇದೊಂದೇ ಸಾಕಾಗಬಹುದು. ಕರೆಂಟು ಕೊಡುವ ಚಿಕಿತ್ಸೆಯೆಂದರೆ ಜನರು ಹೆದರುತ್ತಾರೆ. ತೀವ್ರವಾದ ಕೆಲವು ಸ್ಥಿತಿಗಳಲ್ಲಿ ಅದು ಪ್ರಾಣವನ್ನುಳಿಸುವ ಚಿಕಿತ್ಸೆ. ಅರಿವಳಿಕೆಯಿಲ್ಲದೆ ಅದನ್ನು ಕೊಡಕೂಡದೆಂದು ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ವಿಧಿಸಿದೆ.

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸಿನ ವೈದ್ಯರು ೨೦೦೫ರಿಂದ ಇಂಥ ರೋಗಿಗಳನ್ನು ಊರೂರುಗಳಲ್ಲಿ ಗುರುತಿಸಿ, ಅಲ್ಲಿಯ ಆರೋಗ್ಯಕೇಂದ್ರಗಳಲ್ಲಿಯೇ ಚಿಕಿತ್ಸೆ ಕೊಡಿಸಿದರು. ಅದುವರೆಗೆ ಔಷಧವಿಲ್ಲದೆ ಇದ್ದವರಲ್ಲಿ ಚಿಕಿತ್ಸೆ ಹಿಡಿದವರ ಕಾರ್ಯಶಕ್ತಿ ಉತ್ತಮಗೊಂಡಿತು. ಚಿಕಿತ್ಸೆಯಿಲ್ಲದೆಯೇ ಉಳಿದವರ ಸ್ಥಿತಿ ಹೆಚ್ಚುಕಡಮೆ ಇದ್ದಂತೆಯೇ ಇದ್ದಿತು. ಮಲೆನಾಡಿನ ಹಳ್ಳಿಗಳಲ್ಲಿ ಸಾಧ್ಯವಾದುದು ಬಯಲುಸೀಮೆಯಲ್ಲಿ ಅಸಾಧ್ಯವೆನ್ನಲು ಕಾರಣವಿಲ್ಲ.

೪. ಕುಡಿತದ ವಿಷಯ

ನಿದ್ರೆಗೆಂದು, ದುಃಖಕ್ಕೆಂದು ಕುಡಿಯತೊಡಗಿದವನ ನಿದ್ರೆಯೂ ಕೆಡುತ್ತದೆ, ದುಃಖವೂ ಹೆಚ್ಚುತ್ತದೆ. ಇಲ್ಲಿ ಹಿರಿಯರು ಮುಖ್ಯವಾಗಿ ತಿಳಿಯಬೇಕಾದುದೊಂದುಂಟು. ಬಹುಕಾಲದಿಂದ ಪ್ರತಿದಿನವೂ ವಿಪರೀತ ಕುಡಿಯುತ್ತಿದ್ದವನಿಂದ ಪಂಚಾಯಿತಿಯ ಮುಂದೆ ಆಣೆಮಾಡಿಸಿ ಒಂದೇ ದಿನದಲ್ಲಿ ಬಿಡಿಸಿದರೆ, ಎರಡು ಮೂರು ದಿನಗಳಲ್ಲಿ ಕೈನಡುಕ, ಫಿಟ್ಸು, ಸನ್ನಿಯಂಥ ಭ್ರಮೆ ಉಂಟಾಗಿ ಪ್ರಾಣಕ್ಕೂ ಅಪಾಯವಾಗಬಹುದು. ಅಂಥವನನ್ನು ಆಸ್ಪತ್ರೆಯಲ್ಲಿಟ್ಟು, ಥಯಮಿನ್ ಎಂಬ ಜೀವಸತ್ತ್ವವನ್ನೂ ತಕ್ಕ ಔಷಧಗಳನ್ನೂ ಕೊಡಿಸಿ ಬಿಡಿಸತಕ್ಕದ್ದು. ಆಣೆಯನ್ನು ಆಮೇಲೆ ಮಾಡಿಸಬಹುದು.

೫. ಕಟ್ಟಿಹಾಕುವುದು ಕೂಡದು

ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗದ ಬಳಿಯ ಒಂದು ಖಾಸಗಿ ವಸತಿಯಲ್ಲಿ ೨೦೦೧ನೆಯ ಆಗಸ್ಟ್ ೬ರಂದು ಬೆಂಕಿ ಬಿದ್ದಿತು. ಗುಣವಾಗಲೆಂದು ಮನೆಯವರು ಬಿಟ್ಟುಹೋಗಿದ್ದ ೨೮ ಮಂದಿ ಮನೋರೋಗಿಗಳು ಸತ್ತರು. ಸರಪಳಿಯಲ್ಲಿ ಕಟ್ಟಿದ್ದುದರಿಂದ ಅವರಿಗೆ ತಪ್ಪಿಸಿಕೊಂಡು ಓಡಲಾಗಲಿಲ್ಲ. ಇಂದು ಯಾವ ವಿಧದಿಂದಲೂ ರೋಗಿಯನ್ನು ಸರಪಳಿಯಿಂದ ಬಿಗಿಯಕೂಡದೆಂದು ಮೇಲೆ ಹೇಳಿದ ಕಾಯಿದೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಊರಿನ ಯಾವ ಕೊಟ್ಟಿಗೆಯಲ್ಲಾದರೂ ಇಂಥ ಸರಪಳಿ ಇದ್ದರೆ, ಅದನ್ನು ಬಿಚ್ಚಿಸಿ ರೋಗಿಯನ್ನು ವೈದ್ಯರಲ್ಲಿಗೆ ಕಳುಹಿಸುವುದು ಯಜಮಾನರ ಮೊದಲನೆಯ ಕರ್ತವ್ಯ.

ದೇವರಿಗೆ ಹರಕೆ ಹೊರಬೇಡಿರೆಂದು ಯಾವ ವೈದ್ಯರೂ ಹೇಳುವುದಿಲ್ಲ. ಹರಕೆಯೂ ಇರಲಿ, ಮಾತ್ರೆಯೂ ನಡೆಯಲಿ. ಒಂದಕ್ಕಾಗಿ ಇನ್ನೊಂದನ್ನು ನಿಲ್ಲಿಸಬಾರದು. ಮನೆಯವರ ಆದರವಂತೂ ಔಷಧದಷ್ಟೇ ಬೇಕು. ಪಂಜಾಬಿನ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರರು ೧೯೫೦ರ ದಶಕದಲ್ಲಿ ಆವರಣದೊಳಗೆ ಡೇರೆ ಹಾಕಿಸಿ, ರೋಗಿಗಳೊಡನೆ ಬಂಧುಗಳನ್ನೂ ಇರಿಸಿಕೊಂಡು ಒಳ್ಳೆಯ ಫಲವನ್ನು ಕಂಡರು.

೬. ಪ್ರಾಣಾಪಾಯದ ಸಂದರ್ಭ

ಬದುಕು ಸಾಕಾಯಿತೆಂದು ಒಬ್ಬನು ಹೇಳಿದರೆ ಅದನ್ನು ಬರಿಯ ಮಾತೆಂದು ಎಣಿಸಕೂಡದು. ಸಾಯುವ ಯೋಚನೆ ಬರುತ್ತಿದೆಯೆ ಎಂದು ಅವನನ್ನು ನೇರವಾಗಿ, ಮೃದುವಾಗಿ ಕೇಳಬೇಕು. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ; ಒಳಗಿದ್ದ ಭಾರ ಇಳಿಯುತ್ತದೆ. ಅವನನ್ನು ಒಂಟಿಯಾಗಿ ಬಿಡದೆ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ನಮ್ಮ ಇಲಾಖೆಗೆ ನೇರವಾಗಿ ಸಂಬಂಧಪಟ್ಟ ಸಂಗತಿಯೂ ಇಲ್ಲಿಯೇ ಬರುತ್ತದೆ. ಈ ಯೋಚನೆಯ ತೀವ್ರತೆ ಎಷ್ಟೋ ವೇಳೆ ಕೆಲವೇ ಗಂಟೆಗಳದು. ಆ ಹೊತ್ತು ಕಳೆದರೆ ಮನುಷ್ಯನು ಉಳಿಯುತ್ತಾನೆ. ಶ್ರೀಲಂಕೆಯಲ್ಲಿ ೧೯೯೫ರಲ್ಲಿಯೂ ೧೯೯೮ರಲ್ಲಿಯೂ ಅತಿ ತೀವ್ರವಾದ ಕೃಷಿವಿಷಗಳನ್ನು ನಿಷೇಧಿಸಿದಮೇಲೆ, ೨೦೦೫ರ ಹೊತ್ತಿಗೆ ಆತ್ಮಹತ್ಯೆಗಳ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು. ಬೆಳೆಯ ಇಳುವರಿ ಅದರಿಂದ ಕುಂದಿದುದು ಕಂಡುಬರಲಿಲ್ಲ. ಆದುದರಿಂದ ಆ ಹಂಗಾಮಿಗೆ ಬೇಕಾದಷ್ಟೇ ಔಷಧಿಯನ್ನು ಕೊಳ್ಳಬೇಕು; ಕಡಮೆ ವಿಷದ ಉಪಾಯಗಳನ್ನು ಮೊದಲು ಪ್ರಯೋಗಿಸಬೇಕು; ಉಳಿದುದನ್ನು ಮನೆಯೊಳಗೆ ಇಡಬಾರದು. ಮನಸ್ಸು ಕುಗ್ಗಿದವರಿರುವ ಮನೆಯಲ್ಲಂತೂ ಅದನ್ನು ನಂಬಿಕೆಯ ನೆರೆಯವರ ವಶಕ್ಕೆ ಒಪ್ಪಿಸುವುದು ಮೇಲು.

ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನನ್ನು ಪೊಲೀಸರ ಭಯದಿಂದ ಬಚ್ಚಿಡುವ ಪದ್ಧತಿಯೂ ಹೋಗಬೇಕು. ೨೦೧೭ರ ಕಾಯಿದೆಯು ಅವನನ್ನು ಅತಿಯಾದ ಮನಃಕ್ಲೇಶಕ್ಕೆ ಒಳಗಾದವನೆಂದೇ ಭಾವಿಸಿ, ಅವನ ಆರೈಕೆಯ ಹೊಣೆಯನ್ನು ಸರ್ಕಾರದ ಮೇಲಿಟ್ಟಿದೆ.

೭. ಎಲ್ಲಿಗೆ ಹೋಗಬೇಕು

ದೂರದ ಊರಿಗೆ ಹೋಗಲೇಬೇಕೆಂಬ ನಿಯಮವಿಲ್ಲ. ಪ್ರಾಥಮಿಕ ಆರೋಗ್ಯಕೇಂದ್ರದ ವೈದ್ಯರನ್ನು ಮೊದಲು ಕಾಣಬಹುದು. ಜಿಲ್ಲೆಯನ್ನೇ ಘಟಕವಾಗಿಟ್ಟುಕೊಂಡು ಮನೋಚಿಕಿತ್ಸೆ ಒದಗಿಸುವ ಕ್ರಮವನ್ನು ೧೯೮೦ರ ದಶಕದಲ್ಲಿ ನಿಮ್ಹಾನ್ಸಿನವರು ನಮ್ಮ ಬಳ್ಳಾರಿಯಲ್ಲಿಯೇ ಪ್ರಯೋಗಿಸಿ ನೋಡಿದರು. ಅದೇ ಮಾದರಿಯ ಮೇಲೆ ೧೯೯೬ರಿಂದ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನವನ್ನು ಆರೋಗ್ಯಕೇಂದ್ರದಲ್ಲಿಯೊ ಆಶಾ ಕಾರ್ಯಕರ್ತೆಯರಿಂದಲೊ ತಿಳಿದು, ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸತಕ್ಕದ್ದು. ಕಠಿನವಾದ ರೋಗಕ್ಕೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗಳುಂಟು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ-ಮಾನಸ್ ದೂರವಾಣಿಯ ಸಂಖ್ಯೆ ೧೪೪೧೬. ಹಗಲಾಗಲಿ ಇರುಳಾಗಲಿ ಕನ್ನಡದಲ್ಲಿಯೇ ಮಾತನಾಡಿ ಉಚಿತವಾಗಿ ಸಲಹೆ ಪಡೆಯಬಹುದು.

ಅಡಕೆ ತೋಟದವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಹೊಡೆಯುತ್ತಾರೆ. ಕಾಯಿ ಉದುರಿದಮೇಲೆ ಹೊಡೆದು ಫಲವಿಲ್ಲವೆಂದು ಬಲ್ಲರು. ಮನುಷ್ಯನ ಸಂಗತಿಯಲ್ಲಿ ತಡವಾದರೂ ಚಿಕಿತ್ಸೆಯಿಂದ ಫಲವುಂಟು. ಮೊದಲೇ ಆದರೆ ಹೆಚ್ಚು ಫಲವುಂಟು. ಆದುದರಿಂದ ಯಜಮಾನರೂ ಭೂಮಾಲೀಕರೂ ತಮ್ಮ ಊರಿನಲ್ಲಿ ಉಳದೆ ಬಿದ್ದ ಹೊಲವೊಂದನ್ನು ಕಂಡರೆ, ಅದರ ಒಡೆಯನನ್ನು ಹಳಿಯುವುದಕ್ಕೆ ಮೊದಲು ಅವನ ಮನೆಯ ಬಾಗಿಲಿಗೆ ಹೋಗಿ, ಏನಪ್ಪಾ, ನಿದ್ರೆ ಬರುತ್ತಿದೆಯೆ, ಊಟ ಸೇರುತ್ತಿದೆಯೆ ಎಂದು ವಿಚಾರಿಸಬೇಕೆಂದೂ, ಬೇಕಾದರೆ ಜೊತೆಯಲ್ಲಿ ಆಸ್ಪತ್ರೆಯವರೆಗೆ ಹೋಗಿಬರಬೇಕೆಂದೂ ಪ್ರಾರ್ಥಿಸುತ್ತೇವೆ. ಅವನು ಹಿಂದಿರುಗುವವರೆಗೆ ಅವನ ಹೊಲವನ್ನು ನೆರೆಯವರು ಕೂಡಿ ಮುಯ್ಯಾಳಿನಿಂದ ಬಿತ್ತಿಕೊಟ್ಟರೆ ಅದೂ ಚಿಕಿತ್ಸೆಯ ಒಂದು ಭಾಗವೇ ಆಗುವುದು.