ಹಿಮ ಬೀಳದ ಊರಿನಲ್ಲಿ ಹಿಮನಿರೋಧಕ

ಕಾರಿನ ಹೆಡ್ ಗ್ಯಾಸ್ಕೆಟ್ ಸುಟ್ಟುಹೋಯಿತೆಂದರೆ ಮಧ್ಯಮ ವರ್ಗದ ಸಂಸಾರಕ್ಕೆ ಅದೊಂದು ಸಣ್ಣ ಆಪತ್ತೇ ಸರಿ. ಗ್ಯಾಸ್ಕೆಟ್ಟಿನ ಬೆಲೆ ದೊಡ್ಡದಲ್ಲ. ಎಂಜಿನ್ನಿನ ತಲೆಯನ್ನು ಬಿಚ್ಚಿ, ಲೇತ್ ಅಂಗಡಿಗೆ ಒಯ್ದು ಸಮತಟ್ಟು ಮಾಡಿಸಿ, ಮತ್ತೆ ಅಳತೆಗೆ ಸರಿಯಾಗಿ ಬಿಗಿದು ಕೂರಿಸುವ ಕೂಲಿಯೇ ಮನೆಯ ತಿಂಗಳ ಲೆಕ್ಕವನ್ನು ಅಲ್ಲೋಲಕಲ್ಲೋಲ ಮಾಡಿಬಿಡುತ್ತದೆ. ನಾಲ್ಕಾರು ದಿನ ಗ್ಯಾರೇಜಿಗೆ ಅಲೆದು, ಚೌಕಾಸಿ ಮಾಡಿ ಬೇಸತ್ತ ಯಜಮಾನರ ಮುಂದೆ ಕಟ್ಟಕಡೆಗೆ ಮೆಕ್ಯಾನಿಕ್ ಒಂದು ಪ್ರಶ್ನೆಯನ್ನಿಡುತ್ತಾನೆ: "ಕೂಲೆಂಟ್ ಯಾವುದು ಹಾಕಲಿ ಸಾರ್, ಹಸಿರೋ ಕೆಂಪೋ?" ಅಷ್ಟು ಹೊತ್ತಿಗೆ ಯಜಮಾನರ ಸಹನೆಯೂ ಜೇಬೂ ಒಟ್ಟಿಗೆ ಬರಿದಾಗಿರುತ್ತವೆ. "ಯಾವುದಾದರೂ ಹಾಕಪ್ಪ, ಗಾಡಿ ಓಡಿದರೆ ಸಾಕು" ಎಂದುಬಿಡುತ್ತಾರೆ. ಇನ್ನೂ ಮಿತವ್ಯಯಿಗಳಾದವರು, "ನಮ್ಮೂರಲ್ಲೇನು ಹಿಮ ಬೀಳುತ್ತದೆಯೇ? ನೀರೇ ಹಾಕು" ಎನ್ನುವುದೂ ಉಂಟು. ಸಾವಿರಾರು ರೂಪಾಯಿ ಸುರಿದು ಮಾಡಿಸಿದ ರಿಪೇರಿಯ ಆಯುಷ್ಯವನ್ನು ಬಹುಮಟ್ಟಿಗೆ ಈ ಒಂದು ಮಾತೇ ನಿರ್ಧರಿಸುತ್ತದೆಂಬುದು ಅವರಿಗಾಗಲಿ, ಎಷ್ಟೋ ವೇಳೆ ಮೆಕ್ಯಾನಿಕ್ಕಿಗಾಗಲಿ ಹೊಳೆದಿರುವುದಿಲ್ಲ.

ಎಂಜಿನ್ನಿನ ಬುಡದ ಭಾಗಕ್ಕೆ ಬ್ಲಾಕ್ ಎಂದೂ, ಅದರ ಮೇಲೆ ಮುಚ್ಚಳದಂತೆ ಕೂರುವ ಭಾಗಕ್ಕೆ ಹೆಡ್ ಎಂದೂ ಹೆಸರು. ಇವೆರಡರ ನಡುವಣ ತೆಳ್ಳನೆಯ ಹಾಳೆಯೇ ಗ್ಯಾಸ್ಕೆಟ್. ಹಿಂದೆ ಇದನ್ನು ತಾಮ್ರ ಮತ್ತು ಆಸ್ಬೆಸ್ಟಾಸ್ ಸೇರಿಸಿ ಮಾಡುತ್ತಿದ್ದರು. ಈಗಿನ ಅನೇಕ ಎಂಜಿನ್ನುಗಳಲ್ಲಿ ಉಕ್ಕಿನ ಹಲವು ಪದರಗಳನ್ನು ಒಂದರ ಮೇಲೊಂದು ಇರಿಸಿ ಮಾಡಿರುತ್ತಾರೆ. ತೂತು ತೂತಾದ ಈ ಹಾಳೆಯ ಕೆಲಸ ಸಾಮಾನ್ಯವಾದುದಲ್ಲ. ಒಂದು ತೂತಿನ ಒಳಗೆ 2000 ಡಿಗ್ರಿ ಸೆಲ್ಸಿಯಸ್ ಮೀರಿ ಉರಿಯುವ ಅನಿಲ; ಅದರ ಪಕ್ಕದಲ್ಲೇ ಎಂಜಿನ್ನನ್ನು ತಣಿಸುವ ದ್ರವ; ಮತ್ತೊಂದು ಮಗ್ಗುಲಲ್ಲಿ ಎಣ್ಣೆ. ಒಂದೇ ಛಾವಣಿಯ ಕೆಳಗಿನ ಈ ಮೂವರು ಪರಸ್ಪರ ಮುಖ ನೋಡದಂತೆ ಅದು ಕಾಯಬೇಕು. ಕಾವಲು ತಪ್ಪಿದಾಗ ಕಾಣುವ ಲಕ್ಷಣಗಳು ಕಾರುಳ್ಳವರಿಗೆಲ್ಲ ತಿಳಿದಿರತಕ್ಕವು: ಹೊಗೆಗೊಳವೆಯಿಂದ ನಿಲ್ಲದೆ ಹೊರಡುವ ದಟ್ಟವಾದ ಬಿಳಿಯ ಹೊಗೆ, ರೇಡಿಯೇಟರಿನಲ್ಲಿ ಗುಳ್ಳೆ, ಎಲ್ಲಿಯೂ ಸೋರದೆಯೇ ಕಡಿಮೆಯಾಗುವ ದ್ರವ, ಹಾಲು ಬೆರೆಸಿದ ಕಾಫಿಯಂತಾದ ಎಣ್ಣೆ.

ಗ್ಯಾಸ್ಕೆಟ್ ತಾನಾಗಿ ಕೆಡುವುದು ವಿರಳ. ಸಾಮಾನ್ಯವಾಗಿ ಎಂಜಿನ್ ಅತಿಯಾಗಿ ಕಾದು ಅದನ್ನು ಕೆಡಿಸುತ್ತದೆ. ಈಗಿನ ಹೆಡ್ಡುಗಳು ಅಲ್ಯೂಮಿನಿಯಮ್ಮಿನವು. ಅಲ್ಯೂಮಿನಿಯಮ್ ಕಾದಾಗ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಕಾದರೆ ಸೊಟ್ಟಗಾಗುತ್ತದೆ. ಸೊಟ್ಟಗಾದ ಹೆಡ್ಡಿನ ಕೆಳಗೆ ಯಾವ ಗ್ಯಾಸ್ಕೆಟ್ಟೂ ನಿಲ್ಲದು. ಇನ್ನೊಂದು ಕಾರಣವೂ ಇದೆ. ಅದು ಕಣ್ಣಿಗೆ ಬೀಳುವುದು ಹೆಡ್ ಬಿಚ್ಚಿದ ದಿನವೇ. ದ್ರವ ಹರಿಯುವ ರಂಧ್ರಗಳ ಅಂಚನ್ನು ತುಕ್ಕು ತಿಂದು, ಗೆದ್ದಲು ಹಿಡಿದ ಚೌಕಟ್ಟಿನಂತೆ ಮಾಡಿರುತ್ತದೆ. ಗ್ಯಾಸ್ಕೆಟ್ ಒತ್ತಿ ಕೂರಬೇಕಾದ ಜಾಗವೇ ಅಲ್ಲಿ ಇರುವುದಿಲ್ಲ. ವರ್ಷಗಟ್ಟಲೆ ನಲ್ಲಿಯ ನೀರನ್ನೇ ಕುಡಿದ ಎಂಜಿನ್ನುಗಳಲ್ಲಿ ಈ ದೃಶ್ಯ ಅಪರೂಪವಲ್ಲ.

ಹಾಗಾದರೆ ಹಿಮವೇ ಇಲ್ಲದ ನಾಡಿಗೆ ಹಿಮನಿರೋಧಕವೇಕೆ? ಹೆಸರೇ ಇಲ್ಲಿ ಅನರ್ಥಕ್ಕೆ ಮೂಲ. ಎಥಿಲೀನ್ ಗ್ಲೈಕಾಲ್ ಎಂಬ ಈ ದ್ರವವನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷಾರ್ಲ್ ಅಡಾಲ್ಫ್ ವುರ್ಟ್ಸ್ 19ನೆಯ ಶತಮಾನದ ಮಧ್ಯಭಾಗದಲ್ಲಿ ಮೊದಲಿಗೆ ತಯಾರಿಸಿದನು; ಆಗ ಮೋಟಾರು ಗಾಡಿಯೇ ಹುಟ್ಟಿರಲಿಲ್ಲ. ಅಮೆರಿಕದ ಚಳಿಯಲ್ಲಿ ರೇಡಿಯೇಟರಿನ ನೀರು ಗಡ್ಡೆ ಕಟ್ಟಿ ಬ್ಲಾಕನ್ನೇ ಸೀಳುತ್ತಿದ್ದಾಗ ಜನ ಮೊದಲು ಆಲ್ಕೊಹಾಲನ್ನು ಬೆರೆಸಿ ನೋಡಿದರು. ಅದು ಎಂಜಿನ್ನಿನ ಕಾವಿಗೆ ಬೇಗನೆ ಆವಿಯಾಗಿ ಹೋಗುತ್ತಿತ್ತು. 1927ರಲ್ಲಿ ಪ್ರೆಸ್ಟೋನ್ ಎಂಬ ಹೆಸರಿನಿಂದ ಗ್ಲೈಕಾಲ್ ಅಲ್ಲಿನ ಪೇಟೆಗೆ ಬಂದಿತು. 197 ಡಿಗ್ರಿಯಲ್ಲಿ ಕುದಿಯುವ ದ್ರವವಾದುದರಿಂದ ಆವಿಯಾಗಿ ಹೋಗುವ ಗೋಜಿಲ್ಲ. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಮರ್ಲಿನ್ ಎಂಜಿನ್ನಿನಲ್ಲಿ ಮೊದಲು ಬರಿಯ ಗ್ಲೈಕಾಲನ್ನೇ ತುಂಬುತ್ತಿದ್ದರು. ಅನುಭವದಿಂದ ಬುದ್ಧಿ ಕಲಿತು ಆಮೇಲೆ 100ಕ್ಕೆ 30 ಪಾಲಿಗೆ ಇಳಿಸಿ, ಉಳಿದುದಕ್ಕೆ ನೀರು ಬೆರೆಸಿದರು. ಏಕೆಂದರೆ ಶಾಖವನ್ನು ಹೊತ್ತೊಯ್ಯುವುದರಲ್ಲಿ ನೀರನ್ನು ಮೀರಿಸುವುದು ಗ್ಲೈಕಾಲಿಗೆ ಸಾಧ್ಯವಿಲ್ಲ. "ನೀರು ಬೆರೆಸದೆ ಗಟ್ಟಿಯಾಗಿಯೇ ಹಾಕು, ಹೆಚ್ಚು ಒಳ್ಳೆಯದು" ಎನ್ನುವ ಉದಾರಿಗಳು ಇದನ್ನು ಗಮನಿಸಬೇಕು. ಬರಿಯ ಗ್ಲೈಕಾಲ್ ಸೊನ್ನೆಗಿಂತ 13 ಡಿಗ್ರಿ ಕೆಳಗೆ ತಾನೇ ಗಡ್ಡೆ ಕಟ್ಟುತ್ತದೆ; ಸಮಪಾಲು ನೀರು ಬೆರೆತಾಗ ಮಾತ್ರ ಸೊನ್ನೆಗಿಂತ ಸುಮಾರು 37 ಡಿಗ್ರಿ ಕೆಳಗಿನವರೆಗೂ ತಡೆಯುತ್ತದೆ.

ಕನ್ನಡನಾಡಿಗೆ ಬೇಕಾದುದು ಈ ದ್ರವದ ಬೇರೆ ಎರಡು ಗುಣಗಳು. ಮೊದಲನೆಯದು ಕುದಿಯನ್ನು ತಡೆಯುವುದು. ಆಗುಂಬೆಯ ತಿರುವುಗಳಲ್ಲೋ ಚಾರ್ಮಾಡಿಯ ಏರಿನಲ್ಲೋ ಅಂಬಾಸಿಡರ್ ಕಾರೊಂದು ಬಾನೆಟ್ ತೆರೆದು ಬುಸುಗುಟ್ಟುತ್ತ ನಿಂತಿರುವುದೂ, ಮಕ್ಕಳು ತೊರೆಯಿಂದ ಕೊಡದಲ್ಲಿ ನೀರು ತರುವುದೂ ಒಂದು ಕಾಲದ ಪ್ರವಾಸದ ಅನಿವಾರ್ಯ ಅಧ್ಯಾಯವಾಗಿತ್ತು. ಸಮಪಾಲಿನ ಮಿಶ್ರಣ ತೆರೆದ ಪಾತ್ರೆಯಲ್ಲಿಯೇ 107 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ರೇಡಿಯೇಟರಿನ ಒತ್ತಡದ ಮುಚ್ಚಳ ಸರಿಯಾಗಿದ್ದರೆ 125 ಡಿಗ್ರಿಯವರೆಗೂ ತಡೆದುಕೊಳ್ಳುತ್ತದೆ. ಎರಡನೆಯ ಗುಣ ಇನ್ನೂ ದೊಡ್ಡದು. ಅದು ಗ್ಲೈಕಾಲಿನದಲ್ಲ, ಅದರೊಡನೆ ಸೇರಿಸಿದ ತುಕ್ಕುನಿರೋಧಕಗಳದು. ಡಬ್ಬಿಯ ಒಳಗೆ ಪ್ರಮಾಣದಲ್ಲಿ ಅಲ್ಪವಾದ ಈ ಲವಣಗಳಿಗಾಗಿಯೇ ಬೆಂಗಳೂರಿನವನೂ ಬಳ್ಳಾರಿಯವನೂ ಹಣ ಕೊಡುವುದು.

ಇಲ್ಲಿಯೇ ಆಯ್ಕೆಯ ತೊಡಕು ಆರಂಭವಾಗುತ್ತದೆ. ತುಕ್ಕುನಿರೋಧಕಗಳಲ್ಲಿ ಹಳೆಯ ಪಂಗಡವೊಂದುಂಟು. ಸಿಲಿಕೇಟ್, ಫಾಸ್ಫೇಟ್ ಮೊದಲಾದ ಖನಿಜ ಲವಣಗಳು ಲೋಹದ ಒಳಮೈಗೆಲ್ಲ ಬೇಗನೆ ಸುಣ್ಣ ಬಳಿದಂತೆ ಪೊರೆ ಕಟ್ಟುತ್ತವೆ. ಎರಡು ವರ್ಷದ ಸುಮಾರಿಗೆ ಅವುಗಳ ಸತ್ತ್ವ ತೀರುತ್ತದೆ. ಅಂಬಾಸಿಡರಿನಂಥ ಎರಕದ ಕಬ್ಬಿಣದ ಎಂಜಿನ್, ಬೆಸುಗೆ ಹಾಕಿದ ತಾಮ್ರ ಹಿತ್ತಾಳೆಯ ರೇಡಿಯೇಟರ್ ಇರುವ ಹಳೆಯ ಗಾಡಿಗಳಿಗೆ ಇಂದಿಗೂ ಇದೇ ಹಿತ. ಹೊಸ ಪಂಗಡದ್ದು ಸಾವಯವ ಆಮ್ಲಗಳ ಲವಣ. ಅದು ಎಲ್ಲೆಡೆ ಪೊರೆ ಕಟ್ಟುವುದಿಲ್ಲ. ತುಕ್ಕು ತಲೆಯೆತ್ತಿದ ಜಾಗದಲ್ಲಿ ಮಾತ್ರ ಹೋಗಿ ಕೂರುತ್ತದೆ. ಆದುದರಿಂದಲೇ ಐದು ವರ್ಷದವರೆಗೂ ಬಾಳುತ್ತದೆ. ಇವೆರಡರ ಮಿಶ್ರಸಂತಾನವಾದ ಮೂರನೆಯ ಪಂಗಡವೂ ಉಂಟು. ಮಿಶ್ರದಲ್ಲಿಯೂ ಐರೋಪ್ಯರ ದಾರಿ ಬೇರೆ, ಜಪಾನೀಯರ ದಾರಿ ಬೇರೆ. ಸಿಲಿಕೇಟಿನಿಂದ ನೀರಿನ ಪಂಪಿನ ಸೀಲುಗಳು ಸವೆಯುತ್ತವೆಂದು ಜಪಾನೀಯರು ಅದನ್ನು ದೂರವಿಟ್ಟು ಫಾಸ್ಫೇಟನ್ನು ಹಿಡಿದರು. ಫಾಸ್ಫೇಟು ಗಡಸು ನೀರಿನ ಸುಣ್ಣದೊಡನೆ ಕೂಡಿ ಗಸಿಯಾಗಿ ಇಳಿಯುತ್ತದೆಂದು ಐರೋಪ್ಯರು ಅದನ್ನೇ ಬಿಟ್ಟು ಸಿಲಿಕೇಟನ್ನು ಉಳಿಸಿಕೊಂಡರು. ಐರೋಪ್ಯರಿಗೆ ತಮ್ಮ ಊರುಗಳ ನೀರಿನ ಗುಣ ಚೆನ್ನಾಗಿ ತಿಳಿದಿತ್ತು.

ಈ ಕೊನೆಯ ಸಂಗತಿ ಕೋಲಾರದವರಿಗೂ ಬೆಂಗಳೂರಿನ ಹೊಸ ಬಡಾವಣೆಗಳವರಿಗೂ ತೀರ ಹತ್ತಿರದ್ದು. ಕಾವೇರಿಯ ನೀರು ಮೆದು; ಕೊಳವೆ ಬಾವಿಯ ನೀರು ಅನೇಕ ಕಡೆ ಗಡಸು. ಸ್ನಾನದ ಮನೆಯ ಗೀಸರಿನ ಸುರುಳಿಗೆ ಕಟ್ಟುವ ಬಿಳಿಯ ಹೊಪ್ಪಳಿಕೆಯನ್ನು ಕಾಣದ ಗೃಹಿಣಿ ಯಾರು? ಜಪಾನೀ ಮಾದರಿಯ ಕಾರುಗಳೇ ಹೆಚ್ಚಾಗಿರುವ ಈ ಊರುಗಳಲ್ಲಿ ಫಾಸ್ಫೇಟಿನ ಗಟ್ಟಿ ದ್ರಾವಣಕ್ಕೆ ಕೊಳವೆ ಬಾವಿಯ ನೀರನ್ನು ಬೆರೆಸಿದರೆ ಅದೇ ಹೊಪ್ಪಳಿಕೆ ಹೆಡ್ಡಿನ ಸಣ್ಣ ನಾಳಗಳಲ್ಲಿ ಕಟ್ಟುತ್ತದೆ. ಕಟ್ಟಿದ ಕಡೆ ಶಾಖ ಹೊರಬೀಳದು. ಅಲ್ಲಿ ಲೋಹ ಕಾಯುತ್ತದೆ. ಹೊಸ ಗ್ಯಾಸ್ಕೆಟ್ಟು ಹಳೆಯದರ ಹಾದಿಯನ್ನೇ ಹಿಡಿಯುತ್ತದೆ. ಬಟ್ಟಿ ಇಳಿಸಿದ ಅಥವಾ ಖನಿಜ ತೆಗೆದ ನೀರು ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿ ನೀರೆಂಬ ಹೆಸರಿನಲ್ಲಿ ಅಗ್ಗವಾಗಿ ಸಿಗುತ್ತದೆ. ಬ್ಯಾಟರಿಯ ಆಮ್ಲ ಬೇರೆ, ನೀರು ಬೇರೆ ಎಂಬುದನ್ನು ಸೀಸೆಯ ಮೇಲೆ ಓದಿಕೊಂಡರಾಯಿತು.

ಹಸಿರೋ ಕೆಂಪೋ ಎಂಬ ಪ್ರಶ್ನೆಗೆ ಉತ್ತರ ಇನ್ನೂ ಉಳಿದಿದೆ. ಬಣ್ಣವನ್ನು ನಂಬಲಾಗದು. ದ್ರವಕ್ಕೆ ಸ್ವಭಾವತಃ ಬಣ್ಣವಿಲ್ಲ. ಸೋರಿಕೆ ಕಾಣಲೆಂದೂ ಗುರುತಿಗೆಂದೂ ತಯಾರಕರು ತಮಗೆ ತೋಚಿದ್ದನ್ನು ಬೆರೆಸುತ್ತಾರೆ. ಟೊಯೋಟದ್ದು ಗುಲಾಬಿ, ಹೋಂಡಾದ್ದು ನೀಲಿ; ಒಬ್ಬರ ಹಸಿರು ಹಳೆಯ ಪಂಗಡ, ಇನ್ನೊಬ್ಬರ ಹಸಿರು ಹೊಸತು. ನೋಡಬೇಕಾದುದು ಕಾರಿನೊಡನೆ ಬಂದ ಕೈಪಿಡಿಯಲ್ಲಿ ಹೇಳಿರುವ ಗುಣಮಟ್ಟವನ್ನು. ಅದೇ ಗುಣಮಟ್ಟ ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಇದೆಯೇ ಎಂಬುದನ್ನು. ಹಿಮನಿರೋಧಕಕ್ಕೆ ಐ.ಎಸ್. 5759 ಎಂಬ ಭಾರತೀಯ ಮಾನಕವೂ ಉಂಟು. ಯಾವ ಮಾನಕದ ಹೆಸರೂ ಇಲ್ಲದೆ ಬಣ್ಣವೊಂದನ್ನೇ ಮೆರೆಯುವ ಅಗ್ಗದ ಸೀಸೆಯಲ್ಲಿ ಏನಿದೆಯೆಂಬುದು ಅದನ್ನು ತುಂಬಿದವನಿಗೇ ಗೊತ್ತು. ಎರಡು ಪಂಗಡಗಳನ್ನು ಬೆರೆಸಿದರೆ ಆಯುಷ್ಯ ಕುಗ್ಗುವುದು ನಿಶ್ಚಯ. ಕೆಲವು ಜೋಡಿಗಳು ಗಂಜಿಯಂತೆ ಹೆಪ್ಪುಗಟ್ಟುವುದೂ ಉಂಟು.

ಗ್ಯಾಸ್ಕೆಟ್ ರಿಪೇರಿಯಾದ ಎಂಜಿನ್ನಿಗೆ ಇದರ ಮೇಲೆ ಇನ್ನೂ ಕೆಲವು ವಿಶೇಷ ಉಪಚಾರಗಳು ಬೇಕು. ಹಳೆಯ ಗ್ಯಾಸ್ಕೆಟ್ ಬಿರಿದಾಗ ದ್ರವದೊಳಗೆ ಎಣ್ಣೆಯೂ ಉರಿದ ಅನಿಲವೂ ನುಗ್ಗಿರುತ್ತವೆ. ಅನಿಲದಿಂದ ದ್ರವ ಹುಳಿಯಾಗುತ್ತದೆ. ಎಣ್ಣೆ ರಬ್ಬರಿನ ಕೊಳವೆಗಳನ್ನು ಉಬ್ಬಿಸುತ್ತದೆ. ಇಂಥ ಒಳಮೈಗೆ ಹೊಸ ದ್ರವ ಸುರಿಯುವುದು ಜಿಡ್ಡಿನ ಪಾತ್ರೆಯನ್ನು ತೊಳೆಯದೆ ಹಾಲು ಕಾಯಿಸಿದಂತೆ. ಜಿಡ್ಡು ತೆಗೆಯುವ ತೊಳೆಮದ್ದು ಹಾಕಿ, ಹೀಟರಿನ ಗುಂಡಿಯನ್ನು ಬಿಸಿಯ ಕಡೆಗೆ ತಿರುಗಿಸಿ, ನೀರು ತಿಳಿಯಾಗುವ ತನಕ ಎರಡು ಮೂರು ಸಲ ಜಾಲಿಸಬೇಕು. ಕೊನೆಯ ಸಲ ಬಟ್ಟಿ ಇಳಿಸಿದ ನೀರಿನಿಂದಲೇ ಆಗಬೇಕು.

ಈಗ ಲೆಕ್ಕದ ಒಂದು ಸೂಕ್ಷ್ಮ. ಕೆಳಗಿನ ತಿರುಪು ಬಿಚ್ಚಿದರೆ ರೇಡಿಯೇಟರ್ ಖಾಲಿಯಾಗುತ್ತದೆ, ಬ್ಲಾಕ್ ಖಾಲಿಯಾಗುವುದಿಲ್ಲ. ಒಟ್ಟು 5 ಲೀಟರ್ ಹಿಡಿಯುವ ಕಾರಿನಲ್ಲಿ ತೊಳೆದ ನೀರು ಒಂದೂವರೆ ಲೀಟರಿನಷ್ಟು ಒಳಗೇ ಉಳಿದಿದೆಯೆಂದು ಇಟ್ಟುಕೊಳ್ಳೋಣ. ಮೊದಲೇ ಸಮಪಾಲು ಬೆರೆಸಿದ ಸಿದ್ಧ ದ್ರವವನ್ನು ಸುರಿದರೆ ಮೂರೂವರೆ ಲೀಟರ್ ಹಿಡಿದೀತು. ಅದರಲ್ಲಿನ ನಿಜವಾದ ಮದ್ದು 1.75 ಲೀಟರ್ ಮಾತ್ರ. ಎಲ್ಲ ಬೆರೆತಾಗ 100ಕ್ಕೆ 35ರ ಪಾಲು. ಹಾಗಲ್ಲದೆ ನೀರು ಬೆರೆಸದ ಗಟ್ಟಿ ದ್ರಾವಣವನ್ನು ತಂದು, ಒಟ್ಟು ಅಳತೆಯ ಅರ್ಧವಾದ ಎರಡೂವರೆ ಲೀಟರನ್ನು ಮೊದಲು ಸುರಿದು, ಮಿಕ್ಕ ಒಂದು ಲೀಟರಿಗೆ ಬ್ಯಾಟರಿ ನೀರು ತುಂಬಿದರೆ ಸಮಪಾಲು ಸರಿಯಾಗುತ್ತದೆ. ಕೊಡುವ ಹಣದಲ್ಲಿ ದೊಡ್ಡ ಅಂತರವಿಲ್ಲ.

ತುಂಬಿದ ಮೇಲೆ ಗಾಳಿ ಹೊರಬರಬೇಕು. ಹೆಡ್ಡಿನಲ್ಲಿ ಗಾಳಿಯ ಗುಳ್ಳೆಯೊಂದು ಸಿಕ್ಕಿಕೊಂಡರೆ ಅಷ್ಟು ಜಾಗಕ್ಕೆ ದ್ರವವೇ ತಾಗದು. ಉಷ್ಣಮಾಪಕದ ಮುಳ್ಳು ಒಂದು ತೋರಿಸಿದರೆ ಒಳಗೆ ನಡೆಯುವುದು ಮತ್ತೊಂದು. ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು ಎಂಜಿನ್ ಓಡಿಸಿ, ಗುಳ್ಳೆಗಳು ನಿಂತು ಫ್ಯಾನು ಒಂದೆರಡು ಸಲ ತಿರುಗಿ ನಿಲ್ಲುವ ತನಕ ಕಾಯುವ ವ್ಯವಧಾನ ಒಳ್ಳೆಯ ಮೆಕ್ಯಾನಿಕ್ಕಿನ ಲಕ್ಷಣ. "ನಮ್ಮ ಬಿಸಿಲಿಗೆ ಇದೇಕೆ ಸಾರ್" ಎಂದು ಥರ್ಮೋಸ್ಟಾಟನ್ನು ಕಿತ್ತು ಬಿಸಾಡುವವರೂ ಇದ್ದಾರೆ. ಅದಿಲ್ಲದ ಎಂಜಿನ್ ತಕ್ಕಷ್ಟು ಕಾಯದೆ ಪೆಟ್ರೋಲನ್ನು ಹೆಚ್ಚಾಗಿ ಕುಡಿದು ಬೇಗ ಸವೆಯುತ್ತದೆ. ಸೋರಿಕೆ ನಿಲ್ಲಿಸುವ ಪುಡಿಯನ್ನೋ ದ್ರವವನ್ನೋ "ಇರಲಿ, ಭದ್ರತೆಗೆ" ಎಂದು ಸೇರಿಸುವುದು ಇನ್ನೊಂದು ಚಾಳಿ. ತೂತನ್ನು ಮುಚ್ಚುವ ವಸ್ತುವಿಗೆ ಬೇಕಾದ ತೂತು ಯಾವುದು, ಬೇಡವಾದುದು ಯಾವುದು ಎಂಬ ವಿವೇಕವಿಲ್ಲ. ರೇಡಿಯೇಟರಿನ ಸಣ್ಣ ನಾಳಗಳನ್ನೂ ಅದು ಮುಚ್ಚೀತು.

ಸ್ವಂತ ಕಾರಿನಲ್ಲಿಯೇ ಲಡಾಖಿಗೆ ಹೊರಡುವ ಸಾಹಸಿಗಳು ಕನ್ನಡಿಗರಲ್ಲಿ ಈಗ ಕಡಿಮೆಯೇನಿಲ್ಲ. ಅವರಿಗೆ ಮಾತ್ರ ಹಿಮನಿರೋಧಕ ಹೆಸರಿಗೆ ತಕ್ಕಂತೆಯೇ ಬೇಕು. ಚಳಿಗಾಲದ ದ್ರಾಸಿನಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಗೂ ಇಳಿಯುತ್ತದೆ. ಗಡ್ಡೆ ಕಟ್ಟುವ ನೀರು ಸುಮಾರು 100ಕ್ಕೆ 9ರಷ್ಟು ಹಿಗ್ಗುತ್ತದೆ. ಆ ಬಲಕ್ಕೆ ಬ್ಲಾಕೇ ಸೀಳೀತು. ಹೊರಡುವ ಮೊದಲು ಗ್ಯಾರೇಜಿನಲ್ಲಿ ದ್ರವದ ಸಾಂದ್ರತೆಯನ್ನು ಅಳೆಯಿಸಿಕೊಳ್ಳುವುದು ಐದು ನಿಮಿಷದ ಕೆಲಸ.

ಮನೆಯಲ್ಲಿ ಮಕ್ಕಳೋ ಸಾಕುಪ್ರಾಣಿಗಳೋ ಇರುವವರು ಕೊನೆಯ ಮಾತನ್ನು ಎರಡು ಸಲ ಓದಬೇಕು. ಎಥಿಲೀನ್ ಗ್ಲೈಕಾಲಿನ ರುಚಿ ಸಿಹಿ; ಅದು ಘೋರವಾದ ವಿಷ. ದೇಹದೊಳಗೆ ಆಕ್ಸಾಲಿಕ್ ಆಮ್ಲವಾಗಿ ಮೂತ್ರಪಿಂಡಗಳಲ್ಲಿ ಹರಳುಗಟ್ಟಿ ಅವನ್ನು ಕೆಡಿಸುತ್ತದೆ. ವಯಸ್ಕನಿಗೆ 100 ಮಿಲಿಲೀಟರಿನಷ್ಟೂ ಪ್ರಾಣಾಂತಿಕವಾಗಬಲ್ಲದು. ಮಗುವಿಗೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಉಳಿದ ಬಣ್ಣದ ದ್ರವವನ್ನು ಕುಡಿಯುವ ನೀರಿನ ಹಳೆಯ ಬಾಟಲಿಗೆ ತುಂಬಿ "ಇಟ್ಟುಕೊಳ್ಳಿ ಸಾರ್, ಬೇಕಾದೀತು" ಎಂದು ಕೊಡುವ ಪದ್ಧತಿ ಗ್ಯಾರೇಜುಗಳಲ್ಲಿದೆ. ಷರಬತ್ತಿನಂತೆ ಕಾಣುವ ಆ ಬಾಟಲಿ ಮನೆಯ ಹೊಸ್ತಿಲನ್ನು ದಾಟಬಾರದು. ಮಗು ಕುಡಿದಿರಬಹುದೆಂಬ ಸಂಶಯ ಬಂದರೂ ಸಾಕು, ಲಕ್ಷಣಗಳಿಗಾಗಿ ಕಾಯದೆ, ಡಬ್ಬಿಯನ್ನೂ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಬೇಕು. ಹೊತ್ತಿಗೆ ಸರಿಯಾಗಿ ಸಿಕ್ಕಿದರೆ ಇದಕ್ಕೆ ಪ್ರತಿವಿಷವುಂಟು. ಕಾರಿನಿಂದ ಇಳಿಸಿದ ಹಳೆಯ ದ್ರವವನ್ನು ಮೋರಿಗೋ ಗಿಡದ ಬುಡಕ್ಕೋ ಚೆಲ್ಲಬಾರದು. ನೆಲದ ಮೇಲೆ ಬಿದ್ದುದನ್ನು ಬೀದಿಯ ನಾಯಿ ಬೆಕ್ಕುಗಳು ನೆಕ್ಕದಂತೆ ಆಗಲೇ ನೀರು ಸುರಿದು ತೊಳೆಯಬೇಕು.

ರಿಪೇರಿಯಾದ ಮೊದಲ ವಾರ ಪ್ರತಿದಿನ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ, ಪಾರದರ್ಶಕ ಡಬ್ಬಿಯಲ್ಲಿ ದ್ರವದ ಮಟ್ಟವನ್ನು ನೋಡಬೇಕು. ಅಡಗಿದ್ದ ಗಾಳಿ ಹೊರಬಂದು ಒಂದೆರಡು ದಿನ ಸ್ವಲ್ಪ ಇಳಿಯುವುದು ಸಹಜ. ಆಮೇಲೂ ಇಳಿಯುತ್ತಲೇ ಇದ್ದರೆ ಕಾರನ್ನು ಮತ್ತೆ ಗ್ಯಾರೇಜಿಗೆ ಒಯ್ಯತಕ್ಕದ್ದು. ಹಾಕಿದ ದ್ರವದ ಹೆಸರು, ಪಂಗಡ, ತಾರೀಖು ಮೂರನ್ನೂ ಬರೆದ ಚೀಟಿಯೊಂದನ್ನು ಬಾನೆಟ್ಟಿನ ಒಳಮೈಗೆ ಅಂಟಿಸಿದರೆ, ಮುಂದೆ ಯಾವ ಊರಿನ ಯಾವ ಮೆಕ್ಯಾನಿಕ್ ಬಾನೆಟ್ ಎತ್ತಿದರೂ ಹಸಿರೋ ಕೆಂಪೋ ಎಂದು ಕೇಳಬೇಕಾಗುವುದಿಲ್ಲ.